ತಕ್ಕಡಿಯವರನ್ನು ತೂಗಿದ ಶನಿವಾರ

ಮನೆ, ಅಡುಗೆಮನೆಯ ಮೇಜು
ತಾ. ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಸುರಂಗವಾಸಿಗಳಿಗೆ,

ಕೆಮ್ಮು ಹೇಗಿದೆ? ಮೊದಲು ಅದನ್ನು ಹೇಳಿ. ಬೆಟ್ಟದ ಹೊಟ್ಟೆ ಕೊರೆದು ರೈಲಿಗೆ ದಾರಿ ಮಾಡುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಹೊರಡುವಾಗಲೇ ಹೇಳಿದ್ದೆ. ನೀವು ಕಟ್ಟಿಕೊಂಡಿರಲಾರಿರಿ. ಕಟ್ಟಿಕೊಂಡವಳ ಮಾತನ್ನೇ ಕೇಳದವರು ಬಟ್ಟೆಯನ್ನು ಕಟ್ಟಿಕೊಳ್ಳುವುದುಂಟೇ? ಮಂಡಿಗೆ ಕೊಟ್ಟ ಮುಲಾಮು ಮುಗಿದಿದ್ದರೆ ತಿಳಿಸಿ, ಕಳಿಸುತ್ತೇನೆ. ಕ್ಯಾಂಪಿನ ಅಡುಗೆಯವನಿಗೆ ಗಂಜಿಗೂ ಗಾರೆಗೂ ಇರುವ ವ್ಯತ್ಯಾಸ ಈಗಲಾದರೂ ತಿಳಿಯಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀವು ಎಲ್ಲದಕ್ಕೂ "ಹೂಂ" ಅಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಹೂಂ ಅನ್ನಲು ಬರುವುದಿಲ್ಲ, ಓದಲೇಬೇಕು. ಅದಕ್ಕೇ ಕಾಗದ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಾನಂತೂ ಮದುವೆಯಾದ ಮೇಲೆ ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಸೇಡು ತೀರಿಸಿಕೊಂಡವರ ಮುಖಕ್ಕೆ ಒಂದು ಕಳೆ ಬರುತ್ತದೆ ಕಣ್ರೀ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕನ್ನಡಿಗಳ ನಡುವೆ ನಿಂತು ಗಿರಾಕಿಗಳಿಗೆ "ಈಗ ಕಾಣಿಸ್ತಾ? ಈಗ?" ಎಂದು ಕೇಳುವವಳು ನಾನು. ಈ ವಾರವೆಲ್ಲ ಗಿರಾಕಿಗಳು ಅಕ್ಷರದ ಬೋರ್ಡು ನೋಡುವುದು ಬಿಟ್ಟು ನನ್ನನ್ನೇ ನೋಡಿ, "ಏನಮ್ಮ, ಮನೇಲಿ ಏನಾದ್ರೂ ವಿಶೇಷಾನಾ?" ಎಂದು ಕೇಳುತ್ತಿದ್ದಾರೆ. ವಿಶೇಷವೇ. ಮೊದಲಿನಿಂದ ಹೇಳುತ್ತೇನೆ, ಕೂತು ಓದಿ.

ನಿಮ್ಮ ಅಣ್ಣನವರು, ಅಂದರೆ ನನ್ನ ಭಾವನವರು, ತಕ್ಕಡಿ ಅಂಗಡಿಯನ್ನು ಬೇರೆಯವರಿಗೆ ವಹಿಸಿಕೊಟ್ಟು ಎರಡು ದಿನದ ಯಾವುದೋ ತರಬೇತಿಗೆ ಹೋಗಿ ಬಂದ ಸುದ್ದಿ ನಿಮಗೆ ಗೊತ್ತೇ ಇದೆ. ಇಷ್ಟು ದಿನ ತೂಗುವ ಯಂತ್ರ ಮಾರಿದವರು ಈಗ ಮಕ್ಕಳನ್ನೇ ತೂಗಲು ಹೊರಟರು. ಯಾವ ಹುಡುಗನ ಗುಣಕ್ಕೆ ಯಾವ ಕೆಲಸ ಹೊಂದುತ್ತದೆಂದು ಹೇಳುವ ಸ್ವಭಾವತಜ್ಞರಂತೆ. ಭಾವನವರ ಸ್ವಭಾವ ಗೊತ್ತಿದ್ದವರಿಗೆ ತಜ್ಞತೆಯ ಅಭಾವವೂ ಗೊತ್ತಿತ್ತು, ಆದರೆ ಪ್ರಭಾವದ ಮುಂದೆ ಯಾರು ಮಾತಾಡುತ್ತಾರೆ? ತರಬೇತಿಯಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ, ನಮ್ಮೆರಡು ಮನೆಗಳ ನಡುವಿನ ಮೆಟ್ಟಿಲ ಗೋಡೆಯಲ್ಲಿ, ಹಾಲು ಹಾಕುವವನಿಗೂ ಕತ್ತೆತ್ತಿದರೆ ಕಾಣುವಷ್ಟು ಎತ್ತರದಲ್ಲಿ ನೇತುಹಾಕಿದ್ದಾರೆ. ಸ್ವಲ್ಪ ಸೊಟ್ಟಗಿದೆ. ಯಾಕೆ ಸೊಟ್ಟಗಿದೆ ಎನ್ನುವುದು ಆಮೇಲೆ.

ಮಗಳ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಪಾಪ, ಒಂದು ಚಿಂತೆ ಇತ್ತು. ಹೈಸ್ಕೂಲಿನ ಮಕ್ಕಳು ಮುಂದಿನ ವರ್ಷಕ್ಕೆ ಯಂತ್ರವಿದ್ಯೆ, ಲೆಕ್ಕಪತ್ರ, ಆರೋಗ್ಯ ಎಂದು ವಿಭಾಗ ಆರಿಸಿಕೊಳ್ಳಬೇಕು. ಅರ್ಧ ಜನ ಗೆಳೆಯರು ಹೋದಲ್ಲಿಗೆ ಹೋಗುತ್ತಾರೆ, ಉಳಿದರ್ಧ ಅಪ್ಪ ಬೈದಲ್ಲಿಗೆ. ಸ್ವಂತ ಗುಣ ನೋಡಿಕೊಂಡು ಆರಿಸಲಿ, ಯಾರಾದರೂ ಸಹಾಯ ಮಾಡಲಿ ಎಂದು ಆಕೆ ಬಯಸಿದ್ದು ಒಳ್ಳೆಯದೇ. ಆ "ಯಾರಾದರೂ" ಆಗಿ ನಮ್ಮ ಭಾವನವರು ಬಣ್ಣಬಣ್ಣದ ಕಾರ್ಡುಗಳ ಚೀಲ ಹಿಡಿದು ಹೋದರು. ಅವರ ಪದ್ಧತಿ ಬಹಳ ಸರಳ. ನಿನ್ನ ಮೂರು ಅಭ್ಯಾಸ ಹೇಳು, ನಿನ್ನ ಕೆಲಸ ಹೇಳುತ್ತೇನೆ. ಕೆಂಪು ಕಾರ್ಡು ಸಿಕ್ಕವನು ನಾಯಕ, ಹಸಿರು ಸಿಕ್ಕವನು ಸೇವಕ, ನೀಲಿ ಸಿಕ್ಕವನು ಯಂತ್ರದವನು, ಹಳದಿ ಸಿಕ್ಕವನು ಮೂಲೆಯವನು.

ನಮ್ಮ ಗುಮ್ಮಿಗೆ ಹಳದಿ ಸಿಕ್ಕಿತು. ಅವಳು ಗುಮ್ಮನೆ ಕೂರುತ್ತಾಳೆಂದು ನಾವೇ ಮುದ್ದಿಗೆ ಇಟ್ಟ ಹೆಸರು ಅವತ್ತು ತರಗತಿಯ ತುಂಬ ಹರಡಿತು. ಎದುರಿನ ಸೈಟಿನಲ್ಲಿ ಆಸ್ಪತ್ರೆ ಕಟ್ಟುತ್ತಿರುವ ಎತ್ತರದ ಕ್ರೇನನ್ನು ಅವಳು ಬಾಲ್ಕನಿಯಿಂದ ವರ್ಷದಿಂದ ನೋಡುತ್ತಿರುವುದು ನಿಮಗೆ ತಿಳಿದಿದೆ. ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂರುವ ಹೆಂಗಸು ಬೆಳಿಗ್ಗೆ ಏಣಿ ಹತ್ತುವ ಮುಂಚೆ ಇವಳಿಗೆ ಕೈ ಬೀಸುತ್ತಾಳೆ, ಇವಳೂ ಬೀಸುತ್ತಾಳೆ, ಇಬ್ಬರ ಸ್ನೇಹ ಅಷ್ಟೇ, ಒಂದು ಮಾತೂ ಇಲ್ಲ. ತಾನೂ ಆ ಕೆಲಸ ಕಲಿಯಬೇಕು, ಅದಕ್ಕೆ ಯಂತ್ರವಿದ್ಯೆ ಬೇಕು ಎಂದು ಎದ್ದು ನಿಂತು ಹೇಳಿದಳಂತೆ. ಮನೆಯಲ್ಲಿ ಉಪ್ಪು ಕೊಡಿ ಎಂದು ಕೇಳಲೂ ಕೈ ತೋರಿಸುವ ಹುಡುಗಿ, ಇಡೀ ತರಗತಿಯ ಮುಂದೆ. ಭಾವನವರು ನಕ್ಕು, "ನೀನು ನೆಲದ ಮೇಲೆ ಕೂತು ಮಾಡೋ ಕೆಲಸದೋಳಮ್ಮ. ಮೇಲಕ್ಕೆ ಹೋಗೋಕೆ ಗುಂಡಿಗೆ ಬೇಕು, ಗುಂಡಿಗೆ ಇರೋರಿಗೆ ಗಂಟಲೂ ಇರತ್ತೆ" ಎಂದು ಹಳದಿ ಕಾರ್ಡು ಕೈಗಿಟ್ಟು, "ಗುಮ್ಮಿಗೆ ಲೆಕ್ಕಪತ್ರ" ಎಂದು ಘೋಷಿಸಿದರು. ಮಕ್ಕಳು ನಕ್ಕರು. ಅವಳು ಮನೆಗೆ ಬಂದು ಬಾಲ್ಕನಿಯ ಬಾಗಿಲು ಹಾಕಿದಳು. ಮಾರನೆಯ ಬೆಳಿಗ್ಗೆ ಕ್ರೇನಿನ ಹೆಂಗಸು ಕೆಳಗೆ ನಿಂತು ಕೈ ಬೀಸಿ, ಕಾದು, ಮತ್ತೆ ಬೀಸಿ, ಮೇಲೆ ಹತ್ತಿಹೋದಳು. ನಾನು ಕಿಟಕಿಯಿಂದ ನೋಡಿದೆ. ಆ ಖಾಲಿ ಕೈಬೀಸನ್ನು ನೋಡಿದ ಗಳಿಗೆಯಲ್ಲೇ ನಿಶ್ಚಯ ಮಾಡಿದೆ, ಭಾವನವರೇ, ನಿಮಗಿದೆ.

ಮೊದಲು ಮರ್ಯಾದೆಯಿಂದಲೇ ಹೋಗಿ ಕೇಳಿದೆ. ಭಾವನವರು ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಪ್ರಶ್ನೆಯನ್ನೂ ತಾವೇ ಹೇಳಿ ಉತ್ತರವನ್ನೂ ತಾವೇ ಹೇಳಿ ಮುಗಿಸಿದರು. "ನಿನ್ನ ಗಂಡನ ಹತ್ರಾನೂ ಮಾತಾಡಿದೀನಿ, ಹೂಂ ಅಂದಿದಾನೆ. ಶಾಲೆಗೂ ತಿಳಿಸಿದೀನಿ." ಹೆಂಡತಿ ಫೋನು ಮಾಡಿದರೆ ಒಳಗಿದ್ದಾರೆ, ಬರಲಾಗದು ಎನ್ನುವ ನಿಮ್ಮ ಸೈಟ್ ಆಫೀಸು, ಅಣ್ಣ ಮಾಡಿದಾಗ ನಿಮ್ಮನ್ನು ಸುರಂಗದಿಂದ ಹೊರಗೆ ಕರೆಸಿತಂತೆ. ನೀವು ಹೊರಗೆ ಬಂದು ಮಗಳ ಹಣೆಬರಹಕ್ಕೆ ಒಂದು ಹೂಂ ಒತ್ತಿ ಮತ್ತೆ ಒಳಗೆ ಹೋದಿರಂತೆ. ಈ ಹೂಂ ವಿಷಯಕ್ಕೆ ಆಮೇಲೆ ಬರುತ್ತೇನೆ. ಮರೆತಿದ್ದೇನೆಂದು ಸಮಾಧಾನ ಪಟ್ಟುಕೊಳ್ಳಬೇಡಿ.

ಹಿಂದಿನ ವಾರದ ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಪಾಲಕರ ಸಭೆ. ಭಾವನವರು ವೇದಿಕೆಯ ಮೇಲೆ, ಮೈಕಿಗೆ ಅವರು ಬಗ್ಗುವ ಬದಲು ಮೈಕೇ ಅವರಿಗೆ ಬಗ್ಗಿತ್ತು. ಅಕ್ಕ (ಭಾವನವರ ಹೆಂಡತಿ, ನನ್ನ ಓರಗಿತ್ತಿ, ಈ ಮನೆಯ ಏಕೈಕ ವಿವೇಕಿ) ಮುಂದಿನ ಸಾಲಿನಲ್ಲಿ. ನಾನು ನಡುವೆ, ಮಕ್ಕಳು ಹಿಂದೆ ಬೆಂಚುಗಳಲ್ಲಿ. ಮಗುವಿನ ಹೆಸರು ಹೇಳುವುದು ಬೇಡ, ಮೂರು ಅಭ್ಯಾಸ ಸಾಕು ಎಂದು ಭಾವನವರು ಸವಾಲು ಹಾಕಿದರು. ಒಬ್ಬ ಅಪ್ಪ ಎದ್ದು, ಮಗ ಸಿಕ್ಕಿದ್ದನ್ನೆಲ್ಲ ಬಿಚ್ಚಿಡುತ್ತಾನೆ ಎಂದ. ನೀಲಿ ಕಾರ್ಡು. ಜೋಡಿಸುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಒಬ್ಬ ತಾಯಿ ಎದ್ದು, ಮಗಳು ತಂಗಿಯನ್ನು ಹೊಡೆದು ಹೊಡೆದು ಪಾಠ ಹೇಳುತ್ತಾಳೆ ಎಂದಳು. ಕೆಂಪು ಕಾರ್ಡು, ನಾಯಕಿ. ಆಮೇಲೆ ನಾನು ಎದ್ದೆ. ನಮ್ಮ ಮನೆಯಲ್ಲಿ ಇನ್ನೊಂದು ಮಗು ಇದೆ, ಗಂಡು, ಅದರ ಬಗ್ಗೆ ನನಗೆ ಬಹಳ ಯೋಚನೆಯಾಗಿದೆ ಎಂದೆ. ಭಾವನವರು ನಮ್ಮ ಮನೆಯಲ್ಲಿ ಗಂಡುಮಗು ಎಲ್ಲಿಂದ ಬಂತು ಎಂದು ಯೋಚಿಸಬಹುದೆಂದು ಹೆದರಿದ್ದೆ. ಆದರೆ ಕೇಳಿಸಿಕೊಳ್ಳುವ ಅಭ್ಯಾಸ ಇದ್ದವರಿಗೆ ಮಾತ್ರ ಅಂಥ ಯೋಚನೆ ಬರುತ್ತದೆ.

ಒಂದನೆಯದು ಹೇಳಿದೆ. ಈ ಮಗು ಯಾರೂ ಕರೆಯದೆ ಬಂದು ನಲ್ಲಿ ರಿಪೇರಿಗೆ ಕೂರುತ್ತದೆ, ಬಿಚ್ಚಿ ತಿರುಪುಗಳನ್ನು ಲೋಟದಲ್ಲಿ ಹಾಕಿಟ್ಟು ಊಟಕ್ಕೆ ಹೋಗುತ್ತದೆ, ಕೊಳಾಯಿ ರಿಪೇರಿಯವನು ಬಂದು ಸರಿ ಮಾಡಿದ ಮೇಲೆ ತಾನೇ ಮಾಡಿದ್ದು ಎಂದು ಬೀದಿಗೆಲ್ಲ ಹೇಳುತ್ತದೆ. ಅಕ್ಕನ ಬೆನ್ನು ನೆಟ್ಟಗಾಯಿತು. ನಮ್ಮ ಅಡುಗೆಮನೆಯ ನಲ್ಲಿ ಅವರಿಗೆ ನೆನಪಾಗಿರಬೇಕು. ಎರಡನೆಯದು, ಬೋರ್ಡಿನ ಮೇಲೆ ಬರೆದದ್ದು ಕಾಣಿಸದಿದ್ದರೂ ಪಕ್ಕದವರು ಓದಿದ್ದನ್ನು ಕೇಳಿ ಗಿಣಿಯ ಹಾಗೆ ಒಪ್ಪಿಸುತ್ತದೆ, ಕಾಣಿಸುತ್ತಿಲ್ಲ ಎಂದು ಮಾತ್ರ ಒಪ್ಪುವುದಿಲ್ಲ. ಇದು ನಿಮಗೂ ಗೊತ್ತಿಲ್ಲ. ಹೋದ ವರ್ಷ ಭಾವನವರು ಕಣ್ಣು ತೋರಿಸಲು ನಮ್ಮ ಅಂಗಡಿಗೆ ಬಂದು, ತಮಗಿಂತ ಮುಂಚಿನ ಗಿರಾಕಿ ಓದಿದ ಅಕ್ಷರಗಳನ್ನೇ ಬಾಯಿಪಾಠ ಮಾಡಿ ಒಪ್ಪಿಸಿದ್ದರು. ನಾನು ಬೋರ್ಡು ಬದಲಾಯಿಸಿದ್ದೆ. ಅವರು ಹಳೆಯ ಬೋರ್ಡನ್ನೇ ಓದಿದರು, ಅದೂ ಗಟ್ಟಿಯಾಗಿ. ಆಮೇಲೆ ಅವರಾಗಿಯೇ ಕೇಳಿ ಪಡೆದ ನಂಬರಿನ ಕನ್ನಡಕ ಹಾಕಿಕೊಂಡು ಬೇರೆ ಯಾರದೋ ಹೆಂಡತಿಗೆ ಬಸ್ಸಿನಲ್ಲಿ ಜಾಗ ಹಿಡಿದಿಟ್ಟಿದ್ದರು, ಸ್ವಂತ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಸಭೆಯಲ್ಲಿ ಅಕ್ಕ ಕೆಮ್ಮಲು ಶುರುಮಾಡಿದರು. ಅದು ಕೆಮ್ಮಲ್ಲ ಎಂದು ಅವರ ಭುಜ ನೋಡಿದರೆ ತಿಳಿಯುತ್ತಿತ್ತು.

ಮೂರನೆಯದು ಎಂದು ಬಾಯಿ ತೆರೆದೆ, ಭಾವನವರು ಕೈ ಎತ್ತಿದರು. "ಸಾಕು ಸಾಕು, ಮೂರನೇದು ಬೇಡವೇ ಬೇಡ. ನನಗೆ ಎರಡರಲ್ಲೇ ಸಿಕ್ಕಿಬಿಡ್ತು." ಚೀಲದಲ್ಲಿ ಕೈಯಾಡಿಸಿ, ಇಡೀ ದಿನ ಯಾರಿಗೂ ಕೊಡದ ಬೂದು ಬಣ್ಣದ ಕಾರ್ಡೊಂದನ್ನು ತೆಗೆದರು. "ನೋಡಿ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಇಂಥವರನ್ನ ಗೋದಾಮಿಗೋ ಕಾವಲಿಗೋ ಹಾಕಿ, ತೊಂದರೆ ಇಲ್ಲ. ಬೇರೆಯವರಿಗೆ ದಾರಿ ತೋರಿಸೋ ಕೆಲಸಕ್ಕೆ ಮಾತ್ರ ಬಿಡಬೇಡಿ. ಮಕ್ಕಳ ಹತ್ರಕ್ಕಂತೂ ಬಿಡಲೇಬೇಡಿ." ಇದನ್ನು ಬರೆಯುವಾಗಲೂ ನನಗೆ ಎದ್ದು ಒಂದು ಸುತ್ತು ಹಾಕಿ ಬರಬೇಕೆನಿಸುತ್ತಿದೆ. ನಾನು ವೇದಿಕೆಗೆ ಹೋಗಿ ಕಾರ್ಡನ್ನು ಎರಡೂ ಕೈಯಲ್ಲಿ ಈಸಿಕೊಂಡೆ. ಮುಖ್ಯೋಪಾಧ್ಯಾಯಿನಿ ನ್ಯಾಯದವರು. ಮೂರು ಎಂದ ಮೇಲೆ ಮೂರೂ ಕೇಳಬೇಕಲ್ಲವೇ, ಹೇಳಿಬಿಡಿ ಎಂದರು. ನಾನು ಹೇಳಿದೆ. ಈ ಮಗು ಏಣಿ ಹತ್ತುತ್ತದೆ, ಇಳಿಯಲು ಬರುವುದಿಲ್ಲ. ಹೋದ ತಿಂಗಳು ತನ್ನ ಪ್ರಮಾಣಪತ್ರವನ್ನು ಮೆಟ್ಟಿಲ ಗೋಡೆಗೆ ನೇತುಹಾಕಲು ಹತ್ತಿ, ಚೌಕಟ್ಟು ಸೊಟ್ಟಗಿರುವಂತೆಯೇ ಮೇಲೆ ಗೋಡೆ ತಬ್ಬಿಕೊಂಡು ನಿಂತುಬಿಟ್ಟಿತು. ಇನ್ನೊಂದು ಮಗು ಹಿಂದಿನಿಂದ ಹತ್ತಿ, ಒಂದೊಂದೇ ಪಾದ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಇಟ್ಟು ಕೆಳಗಿಳಿಸಿತು. ಯಾರಿಗೂ ಹೇಳಬೇಡ ಅಂದಿದ್ದಕ್ಕೆ ಆ ಮಗು ಯಾರಿಗೂ ಹೇಳಲಿಲ್ಲ, ನನಗೂ. ನಾನು ಬಾಗಿಲ ಸಂದಿಯಿಂದ ನೋಡಿದ್ದೆ.

ಪ್ರಮಾಣಪತ್ರ ಎಂಬ ಮಾತಿಗೆ ಭಾವನವರ ಮುಖ ಮೊದಲು ಕೆಂಪು ಕಾರ್ಡಾಯಿತು, ಆಮೇಲೆ ಹಳದಿ, ಆಮೇಲೆ ನನ್ನ ಕೈಯಲ್ಲಿದ್ದ ಬೂದು. ಮಗು ಯಾವ ತರಗತಿ ಎಂದು ಮುಖ್ಯೋಪಾಧ್ಯಾಯಿನಿ ಇನ್ನೂ ತಿಳಿಯದೆ ಕೇಳಿದರು. ನನ್ನ ಕೆಲಸ ಮುಗಿದಿತ್ತು, ನಾನು ಬಂದು ಕೂತೆ. ಅಕ್ಕನೇ ಎದ್ದು ನಿಂತು, ಕಣ್ಣೊರೆಸಿಕೊಂಡು, "ಅದು ನಮ್ಮನೆ ಮಗು ಮೇಡಂ. ಮದುವೆ ಆದಾಗಿಂದ ನಾನೇ ಸಾಕ್ತಾ ಇದೀನಿ" ಎಂದರು. ಸಭಾಂಗಣ ನಗುವುದಕ್ಕೆ ಒಂದು ಕ್ಷಣ ತಡವಾಯಿತು, ಆಮೇಲೆ ತಡೆಯಲಿಲ್ಲ. ನಗು ಇಳಿದ ಮೇಲೆ ಮುಖ್ಯೋಪಾಧ್ಯಾಯಿನಿ, ಹಾಗಾದರೆ ಏಣಿಯಿಂದ ಇಳಿಸಿದ ಮಗು ಯಾವುದು ಎಂದು ಕೇಳಿದರು. ಹಿಂದಿನ ಬೆಂಚಿನಿಂದ ನಮ್ಮ ಗುಮ್ಮಿ ಎದ್ದು, "ನಾನು" ಎಂದಳು. ಎರಡೇ ಅಕ್ಷರ, ಮೈಕಿಲ್ಲದೆ ವೇದಿಕೆಯ ತನಕ ಬಂತು. ನಗುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು, ಈ ಸಲ ನಗಲಿಲ್ಲ.

ಅಯ್ಯೋ ಪಾಪ ಎನ್ನುತ್ತೀರೇನೋ, ನಿಮ್ಮ ಅಣ್ಣ ಅಲ್ಲವೇ. ನನಗೆ ಅನ್ನಿಸಲಿಲ್ಲ. ಅನ್ನಿಸಬಹುದೆಂದು ಒಂದು ವಾರ ಕಾದು ನೋಡಿ ಬರೆಯುತ್ತಿದ್ದೇನೆ, ಇನ್ನೂ ಇಲ್ಲ. ಭಾವನವರು ಈಗ ಹಿಂದಿನ ಬಾಗಿಲಿನಿಂದ ಓಡಾಡುತ್ತಾರೆ. ಪ್ರಮಾಣಪತ್ರ ಗೋಡೆಯಲ್ಲೇ ಸೊಟ್ಟಗಿದೆ, ತೆಗೆಯಬೇಕೆಂದರೆ ಏಣಿ ಹತ್ತಬೇಕು, ಇಳಿಸುವವಳನ್ನು ಕೇಳಬೇಕು. ಬೂದು ಕಾರ್ಡನ್ನು ನಾನು ಅಡುಗೆಮನೆಯ ನಲ್ಲಿಯ ಮೇಲೆ ಅಂಟಿಸಿದ್ದೇನೆ. ಅಕ್ಕ ದಿನಾ ಬಂದು ನೋಡಿ, ಒಂದು ಲೋಟ ನೀರು ಕುಡಿದು ಹೋಗುತ್ತಾರೆ. ಶಾಲೆಯಲ್ಲಿ ಕಾರ್ಡಿನ ಆಟ ನಿಂತಿದೆ. ಕನ್ನಡಕವನ್ನು ಮುಖ ನೋಡಿ ಕೊಡುವುದಿಲ್ಲ, ಹಾಕಿ ನೋಡಿದ ಮೇಲೆ ಕೊಡುತ್ತೇವೆ, ಕೆಲಸವನ್ನೂ ಹಾಗೇ ಮಾಡಬಾರದೇ ಎಂದು ಮುಖ್ಯೋಪಾಧ್ಯಾಯಿನಿಗೆ ಹೇಳಿದೆ. ಈಗ ಶನಿವಾರಗಳಂದು ಮಕ್ಕಳು ತಮಗೆ ಬೇಕೆನಿಸಿದ ಕೆಲಸದ ಜಾಗಕ್ಕೇ ಹೋಗಿ ನಿಂತು ನೋಡಬಹುದು. ನಿನ್ನೆ ಗುಮ್ಮಿ ದೊಡ್ಡ ಹೆಲ್ಮೆಟ್ಟಿನೊಳಗೆ ಮುಖ ಹುದುಗಿಸಿ ಕ್ರೇನಿನ ಬುಡದಲ್ಲಿ ದಿನವಿಡೀ ನಿಂತಿದ್ದಳು. ಅಲ್ಲಿ ಯಾರೂ ಮಾತಾಡುವುದಿಲ್ಲವಂತೆ, ಮೇಲಿನವರು ಕೆಳಗಿನವರ ಕೈಸನ್ನೆಯನ್ನೇ ನೋಡುತ್ತಿರಬೇಕಂತೆ. ರಾತ್ರಿ ಊಟದ ಹೊತ್ತಿಗೆ ಬಂದು ಇದಿಷ್ಟನ್ನೂ ತಾನೇ ಹೇಳಿದಳು. ಉಪ್ಪನ್ನೂ ಬಾಯಿಬಿಟ್ಟು ಕೇಳಿದಳು.

ಆರೋಗ್ಯ ಜೋಪಾನ. ಮೂಗಿಗೆ ಬಟ್ಟೆ. ಮಗಳು ನಮಸ್ಕಾರ ಹೇಳಿದ್ದಾಳೆ, ಕೈಸನ್ನೆಯಲ್ಲಿ. ಅಕ್ಕ ನಿಮಗೆ ಆಶೀರ್ವಾದ ಹೇಳಿ, ಹಿಂದೆಯೇ ನಕ್ಕಿದ್ದಾರೆ.

ನಿಮ್ಮವಳೇ ಆದ,
ಗಂಟಲಿರುವವಳು

ತಾ.ಕ.: ಗುಮ್ಮಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಇದನ್ನು ಅಂಚೆಗೆ ಹಾಕಬೇಕು, ಬೇಗ ಬರೆಯುತ್ತೇನೆ. ಯಂತ್ರವಿದ್ಯೆಯ ಸೀಟು ಇನ್ನೂ ಅವಳದಾಗಿಲ್ಲ. ತಂದೆಯ ಒಪ್ಪಿಗೆ ಲೆಕ್ಕಪತ್ರಕ್ಕೆ ಎಂದು ಭಾವನವರು ತಿಳಿಸಿದ್ದಾರಲ್ಲ, ಅದನ್ನು ತಂದೆಯ ಬಾಯಿಂದಲೇ ಬದಲಾಯಿಸಿಕೊಳ್ಳಬೇಕಂತೆ, ಈ ತಿಂಗಳೊಳಗೆ. ಫೋನು ಮಾಡಿ. ಮೊದಲು ಮಗಳಿಗೆ, ಆಮೇಲೆ ಶಾಲೆಗೆ, ಅಣ್ಣನಿಗೆ ಯಾವಾಗಲಾದರೂ. ಇನ್ನೊಂದು ವಿಷಯ, ತಿಂಗಳ ಕೊನೆಗೆ ಮತ್ತೆ ಪಾಲಕರ ಸಭೆ ಇದೆ, ನನ್ನನ್ನೇ ಮಾತಾಡಲು ಕರೆದಿದ್ದಾರೆ. ಒಬ್ಬ ಅಪ್ಪನ ಮೂರು ಅಭ್ಯಾಸ ಹೇಳೋಣವೆಂದಿದ್ದೇನೆ. ಒಂದನೆಯದು, ಮಗಳನ್ನು ಒಂದು ಮಾತೂ ಕೇಳದೆ ಹೂಂ ಅನ್ನುತ್ತಾನೆ. ಉಳಿದೆರಡು ನಿಮ್ಮ ಫೋನು ಬಂದ ಮೇಲೆ ನಿಶ್ಚಯ ಮಾಡುತ್ತೇನೆ.