ಒಂದೇ ಪೆಡಲ್

ಮಾರ್ಚ್ 5, ಮಂಗಳವಾರ. ಬೆಳಗ್ಗೆ 6.20

ಇವತ್ತೂ ನಾಲ್ಕೂವರೆಗೇ ಎಚ್ಚರ. ಗಾಡಿ ಇಲ್ಲದವನು ಆ ಹೊತ್ತಿಗೆ ಎದ್ದು ಮಾಡುವುದೇನು? ಆದರೂ ಎದ್ದೆ. ಮುಖ ತೊಳೆದು ಚಾರ್ಜಿಂಗ್ ಸ್ಟೇಷನ್ನಿಗೆ ನಡೆದೆ. ಅದೇ ಮೆಷಿನ್ ಕಾಫಿ, ಅದೇ ಬೆಂಚು. ಉಳಿದ ಟ್ಯಾಕ್ಸಿಯವರು ಗಾಡಿಗೆ ವೈರು ಚುಚ್ಚಿ ಹರಟುತ್ತ ನಿಂತಿದ್ದರು. ಒಬ್ಬ ಕೇಳಿಯೇಬಿಟ್ಟ— "ಏನ್ ದೋಸಿಕ್, ಗಾಡಿ ಇಲ್ದೆ ಬಂದಿದೀಯ... ನಿನ್ನನ್ನೇ ಚಾರ್ಜಿಗೆ ಹಾಕ್ಬೇಕಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾರೂ ನನ್ನ ಮುಖ ನೋಡಲಿಲ್ಲ.

ವಕೀಲ ಹೇಳಿದ್ದಾನೆ, ನೆನಪಾದದ್ದನ್ನೆಲ್ಲ ದಿನವೂ ಬರೆದಿಡಿ ಅಂತ. ಬರೆಯಲು ಕೂತರೆ ನನ್ನ ಮಾತು ಒಣಗಿಹೋಗುತ್ತದೆ. ಇಪ್ಪತ್ತು ವರ್ಷ ಟ್ಯಾಕ್ಸಿಯ ಹಿಂದಿನ ಸೀಟಿನವರ ಜೊತೆ ಮಾತಾಡಿಯೇ ಬದುಕಿದವನು. ಅದಕ್ಕೇ ಬಾಯಲ್ಲೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಈಗ ಹಿಂದಿನ ಸೀಟೇ ಇಲ್ಲ. ಯಾರೂ ಕೇಳುವುದಿಲ್ಲ.

ಸರಿ, ನೆನಪು. ಫೆಬ್ರವರಿ 20, ಮಧ್ಯಾಹ್ನ ಮೂರು ಹತ್ತು. ನಮ್ಮ ಮಾಸಾನ್ ಊರಿನ ಮೀನು ಮಾರುಕಟ್ಟೆಯ ಹಿಂದಿನ ಓಣಿ. ಗಿರಾಕಿಯನ್ನು ಇಳಿಸಿ ಮೆಲ್ಲಗೆ ಹೊರಟಿದ್ದೆ. ಎಡಗಡೆಯಿಂದ ಊಟ ತಲುಪಿಸುವವನ ಸ್ಕೂಟರ್ ನುಗ್ಗಿತು. ಬ್ರೇಕ್ ಒತ್ತಿದೆ. ಗಾಡಿ ನಿಲ್ಲುವ ಬದಲು ಹಾರಿತು. ಇನ್ನೂ ಒತ್ತಿದೆ. ಇನ್ನೂ ಜೋರಾಯಿತು. ಫುಟ್‌ಪಾತ್ ಹತ್ತಿ ಬಟ್ಟೆ ರಿಪೇರಿ ಅಂಗಡಿಯ ಗಾಜು ಒಡೆದು ಒಳಗೆ ಹೋಗಿ ನಿಂತಿತು. ಅಂಗಡಿಯ ಓಕ್‌ಬುನ್ ಅಮ್ಮ, ಅರವತ್ತೆಂಟು ವರ್ಷದವರು, ಹೊಲಿಗೆ ಮೆಷಿನ್ನಿನ ಕೆಳಗೆ. ಬಲಗಾಲು ಎರಡು ಕಡೆ ಮುರಿದಿದೆ.

ಫುಟ್‌ಪಾತ್ ಹತ್ತಿ ಗಾಯ ಮಾಡಿದರೆ ಕಾನೂನಿನಲ್ಲಿ ರಾಜಿಗೆ ಜಾಗವಿಲ್ಲ. ಕೇಸು ನಡೆಯಲೇಬೇಕು. ತಪ್ಪು ಗಾಡಿಯದಾದರೆ ಬಚಾವು. ನನ್ನದಾದರೆ ಟ್ಯಾಕ್ಸಿ ಪರವಾನಗಿ ಹೋಯಿತು. ಐವತ್ತಾಗಿದೆ. ಬೇರೆ ಕೆಲಸ ಗೊತ್ತಿಲ್ಲ.

ಆದರೆ ತಪ್ಪು ಗಾಡಿಯದೇ. ನಾನು ಬ್ರೇಕ್ ಒತ್ತಿದೆ. ಒತ್ತಿದೆ.

ಮಾರ್ಚ್ 8, ಶುಕ್ರವಾರ. ಸಂಜೆ 5

ಪೊಲೀಸರ ಕಡೆಯಿಂದ ವರದಿ ಬಂತು. ಗಾಡಿಯೊಳಗೆ ಒಂದು ಡಬ್ಬಿ ಇರುತ್ತದಂತೆ. ಡಿಕ್ಕಿಗೆ ಮುಂಚಿನ ಐದು ಸೆಕೆಂಡು ಅದರಲ್ಲಿ ದಾಖಲು. ಆಕ್ಸಿಲರೇಟರ್— ನೂರಕ್ಕೆ ನೂರು. ಬ್ರೇಕ್— ಮುಟ್ಟಿಲ್ಲ.

ಬ್ಯೊಂಗ್‌ಮಾನ್ ಅಣ್ಣ ಕಾಗದ ನೋಡಿ ಮೇಜಿನ ಮೇಲೆ ಎಸೆದ. "ಡಬ್ಬಿ ಯಾರ್ದೋ? ಗಾಡಿ ಕಂಪನೀದು. ಕಳ್ಳನ್ನೇ ಸಾಕ್ಷಿಗೆ ಕರೆದ್ರೆ ಇನ್ನೇನು ಹೇಳ್ತಾನೆ? ನನ್ನ ಗಾಡಿ ಡಬ್ಬೀನೂ ಇದನ್ನೇ ಬೊಗಳಿತ್ತು."

ಅಣ್ಣ ಒಡಹುಟ್ಟಿದವನಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಮೊದಲು ವಿದ್ಯುತ್ ಗಾಡಿ ತಂದವನು ಅವನೇ. ಮೂರು ವರ್ಷದ ಹಿಂದೆ ನಾನು ತಂದಾಗ ಪಕ್ಕದಲ್ಲಿ ಕೂತು ಕಲಿಸಿದ್ದ. "ಎರಡು ಪೆಡಲ್ ಹಳೇ ಕಾಲದ್ದು ಕಣೋ. ಒಂದೇ ಪೆಡಲ್ ಮೇಲೆ ಓಡ್ಸು. ಒತ್ತಿದ್ರೆ ಹೋಗತ್ತೆ, ಕಾಲು ಸಡಿಲ ಬಿಟ್ರೆ ತಾನೇ ನಿಲ್ಲತ್ತೆ, ಬ್ಯಾಟ್ರಿಗೂ ತುಂಬತ್ತೆ. ಬ್ರೇಕ್ ಇದೆ ಅನ್ನೋದೇ ಮರ್ತುಬಿಡು." ಬ್ರೇಕ್ ಪ್ಯಾಡ್ ಎಷ್ಟು ವರ್ಷ ಬದಲಾಯಿಸಿಲ್ಲ ಅನ್ನುವುದೇ ನಮ್ಮ ಸ್ಟ್ಯಾಂಡಿನಲ್ಲಿ ದೊಡ್ಡಸ್ತಿಕೆ. ಅಣ್ಣನದು ಐದು ವರ್ಷ ಆಗಿತ್ತು. ನನ್ನದು ಮೂರು.

ಎರಡು ವರ್ಷದ ಹಿಂದೆ ಅಣ್ಣನ ಗಾಡಿಯೂ ಹೀಗೇ ಹಾರಿತು. ಪಕ್ಕದ ಸೀಟಿನಲ್ಲಿ ಅತ್ತಿಗೆ ಇದ್ದರು. ಸೇತುವೆಯ ಕಂಬ. ಅತ್ತಿಗೆ ಉಳಿಯಲಿಲ್ಲ. ಅವತ್ತಿನಿಂದ ಅಣ್ಣ ಸ್ಟೇರಿಂಗ್ ಮುಟ್ಟಿಲ್ಲ. ಕಂಪನಿ ಮೇಲೆ ಹಾಕಿದ ಕೇಸು ಕೆಳಗಿನ ಕೋರ್ಟಿನಲ್ಲಿ ಸೋತ. ಈಗ ಮೇಲ್ಮನವಿ. ಅದೇ ಮಾದರಿಯ ಗಾಡಿ, ಅದೇ ಹಾರಾಟ... ನನ್ನ ಕೇಸು ಅಣ್ಣನಿಗೆ ಬೇಕಿತ್ತು. ಕಂಪನಿ ವಿರುದ್ಧ ಟ್ಯಾಕ್ಸಿಯವರ ಸಹಿ ಸಂಗ್ರಹಿಸಿದ್ದಾನೆ. ಏಳುನೂರು ಹೆಸರು.

"ನಿನ್ನ ಹೇಳಿಕೆ ಗಟ್ಟಿಯಾಗಿರ್ಬೇಕು ದೋಸಿಕ್. ನಂದು ನಿಂತಿರೋದೇ ಅದ್ರ ಮೇಲೆ."

"ಗಟ್ಟಿನೇ ಅಣ್ಣ. ಒತ್ತಿದ್ದು ಬ್ರೇಕೇ."

ಅಣ್ಣನ ಕಣ್ಣಲ್ಲಿ ನೀರು ಬಂತು. ಕಾಫಿ ಬಿಸಿ ಅಂತ ನೆಪ ಹೇಳಿದ.

ಮಾರ್ಚ್ 13, ಬುಧವಾರ. ಮಧ್ಯಾಹ್ನ 2.30, ಬಸ್ಸಿನಲ್ಲಿ

ಆಸ್ಪತ್ರೆಯಿಂದ ವಾಪಸ್. ಸೋಯಾ ಹಾಲಿನ ಪೆಟ್ಟಿಗೆ ಒಯ್ದಿದ್ದೆ. ಇದು ನಾಲ್ಕನೆಯದು.

"ಮತ್ತೆ ಅದೇನಾ?" ಓಕ್‌ಬುನ್ ಅಮ್ಮ ಹಣೆ ಚಚ್ಚಿಕೊಂಡರು. "ಡ್ರೈವರ್ರೇ, ನಿಮ್ಮ ಹಾಲು ಕುಡಿದೂ ಕುಡಿದೂ ಈ ವಾರ್ಡಿನೋರಿಗೆಲ್ಲ ಹೊಟ್ಟೆ ಕೆಟ್ಟಿದೆ. ಕಾಲು ಮುರಿದದ್ದು ಸಾಲ್ದಾ?"

ಪಕ್ಕದ ಮಂಚದವರೆಲ್ಲ ನಕ್ಕರು. ಬೈದಿದ್ದರೆ ಸುಲಭವಾಗುತ್ತಿತ್ತು.

ಆಮೇಲೆ ದನಿ ಇಳಿಸಿ ಕೇಳಿದರು. "ಒಂದು ಹೇಳಿ. ಗಾಡಿ ನಿಜವಾಗ್ಲೂ ತಾನೇ ಓಡ್ತಾ?"

"ಹೌದಮ್ಮ. ನಾನು ಬ್ರೇಕ್ ಒತ್ತಿದೆ."

"ಸರಿ ಬಿಡಿ. ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಗೊತ್ತಾದ್ರೆ ನನಗೆ ಅಷ್ಟೇ ಸಾಕು. ನಿಮ್ಮ ಮೇಲೆ ಮಾಡ್ಕೊಳ್ಳೋಕೆ ಮನಸ್ಸು ಬರಲ್ಲ."

ಬಲಗಾಲು ಮೇಲಕ್ಕೆ ಕಟ್ಟಿದ್ದಾರೆ. ಅದನ್ನು ತೋರಿಸಿ ಹೇಳಿದರು, ನಲವತ್ತು ವರ್ಷ ಮೆಷಿನ್ ಓಡಿಸಿದ ಕಾಲು ಇದು, ತಲೆ ಹೇಳುವ ಮುಂಚೆ ತಾನೇ ಕೆಲಸ ಮಾಡುತ್ತದೆ ಅಂತ. ಆಮೇಲೆ ಎಡಗೈ ತೋರುಬೆರಳು ಚಾಚಿದರು. ಉಗುರಿನ ನಡುವೆ ಹಳೆಯ ಕಲೆ.

"ಮೋಟರ್ ಮೆಷಿನ್ ತಂದ ಹೊಸತು. ಮೊಮ್ಮಗಳು ಹಿಂದಿನಿಂದ ಬಂದು 'ಭೋ' ಅಂದ್ಲು. ಬೆಚ್ಚಿದೆ. ಕಾಲು ತೆಗೀಬೇಕು ತಾನೇ? ಎಲ್ಲಿ! ಇನ್ನೂ ಒತ್ತಿಬಿಡ್ತು. ಸೂಜಿ ಆಚೆ ಬಂತು. ಬೆಚ್ಚಿದ ಕಾಲು ಮೇಲೆ ಏಳಲ್ಲ ಕಣ್ರೀ, ಕೆಳಕ್ಕೇ ಹೋಗತ್ತೆ."

ಎಲ್ಲರೂ ಅಯ್ಯೋ ಅಂದರು. ನಾನೂ ಅಂದೆ.

ಈಗ ಬಸ್ಸಿನ ಚಾಲಕ ಒಂದು ಸಲ ಗಕ್ಕನೆ ನಿಲ್ಲಿಸಿದ. ನನ್ನ ಬಲಗಾಲು ನೆಲವನ್ನು ಒತ್ತಿಹಿಡಿದಿತ್ತು. ಒತ್ತಿದ್ದು ಎಲ್ಲಿ? ಇದ್ದ ಜಾಗದಲ್ಲೇ. ಎಡಕ್ಕೆ, ಬ್ರೇಕಿನ ಕಡೆಗೆ, ಸರಿದಿರಲಿಲ್ಲ... ಬಸ್ಸಿನಲ್ಲಿ ಎಡವೇನು, ಬಲವೇನು. ಸುಮ್ಮನೆ ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳುತ್ತಿದ್ದೇನೆ.

ಮಾರ್ಚ್ 14, ಗುರುವಾರ

ಏನೂ ಇಲ್ಲ. ಇವತ್ತು ಹೇಳುವುದಕ್ಕೆ ಏನೂ ಇಲ್ಲ.

ಮಾರ್ಚ್ 21, ಗುರುವಾರ. ಸಂಜೆ 6.40

ಒಂದು ವಾರ ಫೋನ್ ಮುಂದೆ ಬಾಯಿ ತೆರೆಯಲಿಲ್ಲ. ನಾನು! ನನ್ನ ಬಾಯಿ ಮುಚ್ಚಿಸಲು ಗಿರಾಕಿಗಳು ರೇಡಿಯೊ ಹಾಕಿಸುತ್ತಿದ್ದ ಮನುಷ್ಯ.

ಬೆಳಗ್ಗೆ ಕಂಪನಿಯಿಂದ ಪತ್ರ. ರಿಕಾಲ್. ಈ ಮಾದರಿಯ ಗಾಡಿಗಳನ್ನು ವಾಪಸ್ ಕರೆಸಿ ಒಂದು ಭಾಗ ಬದಲಾಯಿಸಿಕೊಡುತ್ತಾರಂತೆ. ಪತ್ರ ಮಡಚುವುದರೊಳಗೆ ಅಣ್ಣನ ಫೋನು. ಕಿವಿ ತೂತಾಗುವ ಹಾಗೆ ಕೂಗಿದ.

"ಒಪ್ಕೊಂಡ್ರು ಕಣೋ! ಕೊನೆಗೂ ಒಪ್ಕೊಂಡ್ರು! ನಿನ್ನ ಗಾಡಿ, ನನ್ನ ಗಾಡಿ, ಎರಡೂ ಪಟ್ಟೀಲಿವೆ!"

"ಅಣ್ಣ, ಪೂರ್ತಿ ಓದಿದ್ಯಾ? ಚಾರ್ಜ್ ಭಾಗದ ದೋಷ ಅಂತೆ. ಓಡ್ತಾ ಓಡ್ತಾ ಶಕ್ತಿ ಹೋಗಿ ಗಾಡಿ ನಿಂತುಬಿಡಬಹುದು ಅಂತ ಬರೆದಿದಾರೆ. ನಮ್ಮದು ನಿಂತಿಲ್ಲ. ಹಾರಿದ್ದು."

ಅಣ್ಣ ಪತ್ರ ತಿರುವುವ ಸದ್ದು ಕೇಳಿಸಿತು.

"ನಿಲ್ಲೋದ್ರಲ್ಲಿ ದೋಷ ಇರೋ ಗಾಡೀಗೆ ಓಡೋದ್ರಲ್ಲಿ ಇರಬಾರ್ದಾ? ನೀನು ಯಾರ ಕಡೆಯೋನೋ?"

"ನಿನ್ನ ಕಡೆನೇ ಅಣ್ಣ."

ಮಧ್ಯಾಹ್ನ ಟೀವಿಯವರನ್ನೂ ಕರೆತಂದ. ಓಕ್‌ಬುನ್ ಅಮ್ಮನ ಅಂಗಡಿ ಮುಂದೆ, ಹಲಗೆ ಹೊಡೆದ ಬಾಗಿಲಿನ ಎದುರು ನಿಲ್ಲಿಸಿದರು. "ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ" ಅನ್ನಬೇಕು. ಮೊದಲ ಸಲ ಮೀನಿನ ಲಾರಿ ಹಾರನ್ ಹೊಡೆಯಿತು. ಎರಡನೇ ಸಲ 'ಬ್ರೇಕ್' ಅನ್ನುವಲ್ಲಿ ತೊದಲಿದೆ. ಮೂರನೇ ಸಲ ಸಲೀಸಾಗಿ ಬಂತು. ಎಷ್ಟು ಸಲೀಸು ಅಂದರೆ, ಬೇರೆ ಯಾರದೋ ಮಾತನ್ನು ಬಾಯಿಪಾಠ ಒಪ್ಪಿಸಿದ ಹಾಗೆ. ಅಣ್ಣ ಬೆನ್ನು ತಟ್ಟಿದ.

ಇನ್ನು ಎಂಟು ದಿನ. ಮುಂದಿನ ವಾರದ ಶುಕ್ರವಾರ ಪೊಲೀಸ್ ಠಾಣೆಯಲ್ಲಿ ಕೊನೆಯ ಹೇಳಿಕೆ. ಸಹಿ ಹಾಕಿದರೆ ಮುಗಿಯಿತು. ಅದರ ಪ್ರತಿ ಅಣ್ಣನ ಕೋರ್ಟಿಗೂ ಹೋಗುತ್ತದೆ.

ಮಾರ್ಚ್ 24, ಭಾನುವಾರ. ಬೆಳಗ್ಗೆ 11

ನಿಧಾನ... ಕ್ರಮವಾಗಿ ಹೇಳುತ್ತೇನೆ.

ಬೆಚ್ಚಿದಾಗ ನನ್ನ ಕಾಲು ಎಲ್ಲಿಗೆ ಹೋಗುತ್ತದೆ ಅಂತ ನೋಡಲೇಬೇಕಿತ್ತು. ಗಂಟೆ ಲೆಕ್ಕದ ಬಾಡಿಗೆ ಕಾರುಗಳಲ್ಲಿ ಅದೇ ಮಾದರಿ ಒಂದು ಸಿಕ್ಕಿತು. ಸಮುದ್ರದ ಪಕ್ಕದ ದೊಡ್ಡ ಪಾರ್ಕಿಂಗ್ ಮೈದಾನ. ಊರಿನ ಜನವೆಲ್ಲ ಚೆರಿ ಹೂ ನೋಡಲು ಪಕ್ಕದ ಜಿನ್ಹೆಗೆ ಹೋಗಿದ್ದಾರೆ, ಇಲ್ಲಿ ನರಪಿಳ್ಳೆ ಇಲ್ಲ. ಹೆಂಡತಿ ಇನ್‌ಸುಕ್‌ಳನ್ನು ಹಿಂದೆ ಕೂರಿಸಿದೆ. ಫೋನನ್ನು ಟೇಪು ಹಾಕಿ ಪೆಡಲುಗಳ ಕಡೆಗೆ ಅಂಟಿಸಿದೆ. "ಮನಸ್ಸಿಗೆ ಬಂದಾಗ ಕಿರುಚು, ಮುಂಚೆ ಹೇಳಬೇಡ" ಅಂದೆ.

"ಮದುವೆಯಾದಾಗಿಂದ ಅದನ್ನೇ ಮಾಡ್ತಿದೀನಿ, ಇವತ್ತು ಅನುಮತಿ ಬೇರೆ!" ಅಂದಳು.

ಒಂದೇ ಪೆಡಲಿನ ಮೇಲೆ ಸುತ್ತು ಹಾಕಿದೆ. ಕಿರುಚಿದಳು— ಕಾಲು ನೆಟ್ಟಗೆ ಬ್ರೇಕಿಗೆ ಹೋಯಿತು. ಮತ್ತೆ ಕಿರುಚಿದಳು— ಬ್ರೇಕ್. ಆರು ಸಲ, ಆರೂ ಸಲ ಬ್ರೇಕ್. ಎದೆ ಹಗುರವಾಯಿತು. ನೋಡು, ನಾನು ಹೇಳಲಿಲ್ಲವಾ ಅಂದೆ. ಇಬ್ಬರೂ ನಗುತ್ತ ಮಾತಿಗಿಳಿದೆವು. ಮಧ್ಯಾಹ್ನಕ್ಕೆ ಏನು ತಿನ್ನೋಣ, ತಣ್ಣನೆ ಶಾವಿಗೆ ಸಾಕಾ ಅಂತ. ಆಟ ಮುಗಿದಿತ್ತು. ಹೊರಡಲು ಮೆಲ್ಲಗೆ ತಿರುಗಿಸುತ್ತಿದ್ದೆ. ಕಸದ ಡಬ್ಬಿಯ ಹಿಂದಿನಿಂದ ಬೆಕ್ಕು ಹಾರಿತು. ಇನ್‌ಸುಕ್ ಕಿರುಚಿದಳು, ನಿಜವಾಗಿ.

ಬ್ರೇಕ್ ಒತ್ತಿದೆ. ಗಾಡಿ ಹಾರಿತು.

ಅದೇ ಸದ್ದು. ಬೆನ್ನು ಸೀಟಿಗೆ ಅಂಟಿದ್ದು ಅದೇ ಥರ. 'ಅಯ್ಯೋ, ಇದರ ಬ್ರೇಕೂ ಕೆಟ್ಟಿದೆ' ಅಂತ ಅನ್ನಿಸಿದ್ದು ಕೂಡ ಅದೇ. ಇನ್ನೂ ಒತ್ತಿದೆ. ಇನ್‌ಸುಕ್ ಹಿಂದಿನಿಂದ ಭುಜಕ್ಕೆ ಗುದ್ದಿ "ಕಾಲು! ಕಾಲು ತೆಗೀರಿ!" ಅಂದಳು. ತೆಗೆದೆ. ತಾನೇ ನಿಂತಿತು. ಎದುರಿಗೆ ಗೋಡೆ ಇರಲಿಲ್ಲ. ಅಂಗಡಿ ಇರಲಿಲ್ಲ. ಬೆಕ್ಕು ದೂರದಲ್ಲಿ ಕೂತು ನಮ್ಮನ್ನು ನೋಡುತ್ತಿತ್ತು.

ವಿಡಿಯೊ ನೋಡಿದೆವು. ಕಾಲು ಬ್ರೇಕಿನ ಕಡೆ ಹೋಗೇ ಇಲ್ಲ. ದಿನವಿಡೀ ಎಲ್ಲಿರುತ್ತದೋ ಅಲ್ಲೇ, ಆಕ್ಸಿಲರೇಟರಿನ ಮೇಲೇ ಇದೆ. ಆ ಪೆಡಲಿಂದಲೇ ತಾನೇ ಮೂರು ವರ್ಷ ಗಾಡಿ ನಿಲ್ಲಿಸಿದ್ದು? ನಿಲ್ಲಿಸು ಅಂದಾಗ ಅದನ್ನೇ ಹುಡುಕಿತು, ಪಾಪ, ಎತ್ತುವ ಬದಲು ಒತ್ತಿತು. ನನ್ನ ಕಾಲಿಗೆ ಅದು ಬ್ರೇಕೇ ಆಗಿತ್ತು.

ನಾನು ಸುಳ್ಳು ಹೇಳಿರಲಿಲ್ಲ. ಇವತ್ತಿನವರೆಗೆ.

ಮಾರ್ಚ್ 25, ಸೋಮವಾರ. ಬೆಳಗ್ಗೆ 7

ಇನ್‌ಸುಕ್ ಶಾಲೆಯ ಅಡುಗೆಮನೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತಳು. ಬೂಟು ಹಾಕಿಕೊಳ್ಳುತ್ತ, ತಲೆ ಎತ್ತದೆ—

"ಆ ವಿಡಿಯೊ ಅಳಿಸಿಬಿಡಿ."

"ಅಳಿಸಿದ್ರೆ?"

"ನಾವಿಬ್ಬರೇ ನೋಡಿರೋದು. ನಿನ್ನೆ ಹಾಗಾಯ್ತು ಅಂತ ಅವತ್ತೂ ಹಾಗೇ ಆಗಿತ್ತು ಅಂತೇನಲ್ಲ."

"ಹಾಗೇ ಆಗಿತ್ತು. ನನಗೆ ಗೊತ್ತು."

"ನಿಮಗೆ ಗೊತ್ತಿದ್ರೆ ನೀವು ಇಟ್ಕೊಳ್ಳಿ ಹೊಟ್ಟೇಲಿ!" ದನಿ ಏರಿತು. ಆಮೇಲೆ ಇಳಿಯಿತು. "ಪರವಾನಗಿ ಹೋದ್ರೆ ಹೋಗ್ಲಿ ರೀ, ನಾನು ಅನ್ನ ಬೇಯಿಸಿ ಸಾಕ್ತೀನಿ. ಬ್ಯೊಂಗ್‌ಮಾನ್ ಅಣ್ಣಂಗೆ ಏನು ಹೇಳ್ತೀರಿ? 'ಗಾಡಿ ಅಲ್ಲ ಅಣ್ಣ, ಅತ್ತಿಗೇನ ಕೊಂದಿದ್ದು ನಿನ್ನ ಕಾಲು' ಅಂತೀರಾ? ಆ ಮನುಷ್ಯ ಎರಡು ವರ್ಷ ಉಸಿರಾಡ್ತಿರೋದೇ ಕಂಪನಿ ಮೇಲಿನ ಸಿಟ್ಟಿಂದ."

ಹೋದಳು. ವಿಡಿಯೊ ಅಳಿಸಲಿಲ್ಲ ನಾನು. ಹೇಳಿದರೆ ಅಣ್ಣನ ಕುತ್ತಿಗೆ ಕೊಯ್ದ ಹಾಗೆ. ಹೇಳದಿದ್ದರೆ ಓಕ್‌ಬುನ್ ಅಮ್ಮ ಎದುರಿಗೆ ಕೂತವನನ್ನು ಬಿಟ್ಟು ಇನ್ಯಾರ ಮೇಲೋ ಸಿಟ್ಟು ಮಾಡಿಕೊಂಡು ಇರುತ್ತಾರೆ. ನಾನು ಹಾಲಿನ ಪೆಟ್ಟಿಗೆ ಹೊರುತ್ತಾ ಇರುತ್ತೇನೆ.

ಮಾರ್ಚ್ 29, ಶುಕ್ರವಾರ. ಬೆಳಗ್ಗೆ 9.15

ಠಾಣೆಯ ಎದುರು. ಅಣ್ಣ ನನಗಿಂತ ಮುಂಚೆ ಬಂದು ಕಾಯುತ್ತಿದ್ದಾನೆ. ಸೂಟು ಹಾಕಿದ್ದಾನೆ. ಅತ್ತಿಗೆಯ ಅಂತ್ಯಕ್ರಿಯೆಯ ದಿನ ಹಾಕಿದ್ದು. "ಒಂದೇ ಮಾತು ಕಣೋ, 'ಬ್ರೇಕ್ ಒತ್ತಿದೆ'. ಹೇಳಿ ಬಾ" ಅಂದ. ನನ್ನ ಕಾಲರು ಸರಿಮಾಡಿದ.

ಅದೇ ದಿನ. ಬೆಳಗ್ಗೆ 11.40

ಬಸ್ ಸ್ಟಾಪಿನ ಪಕ್ಕದ ಅಂಗಡಿ. ನೀರು ಕೊಳ್ಳುವ ನೆಪದಲ್ಲಿ ಒಳಗೆ ಬಂದಿದ್ದೇನೆ. ಗಾಜಿನಾಚೆ ಅಣ್ಣ ಬೆಂಚಿನ ಮೇಲೆ.

ಹೇಳಿದೆ. ಒತ್ತಿದ್ದು ಆಕ್ಸಿಲರೇಟರ್ ಅಂತ. ಅಧಿಕಾರಿ ಟೈಪು ಮಾಡುತ್ತಿದ್ದವನು ಒಮ್ಮೆ ನೋಡಿ ಮತ್ತೆ ಟೈಪು ಮಾಡಿದ. 'ಕಾಲಿಗೆ ಅದು ಬ್ರೇಕ್ ಅಂತಲೇ ಅನ್ನಿಸಿತ್ತು, ಅದನ್ನೂ ಬರೀರಿ' ಅಂದೆ. "ಅದಕ್ಕೆ ಇದರಲ್ಲಿ ಜಾಗ ಇಲ್ಲ ಸರ್" ಅಂದ. ಸಹಿ ಹಾಕಿದೆ. ಇಷ್ಟೇ. ಓಕ್‌ಬುನ್ ಅಮ್ಮನ ಹತ್ತಿರ ಮಧ್ಯಾಹ್ನ ಹೋಗಬೇಕು, ಬರಿಗೈಯಲ್ಲಿ.

ಅಣ್ಣನಿಗೆ ಮೆಟ್ಟಿಲ ಮೇಲೇ ಹೇಳಿದೆ. ಮೈದಾನ, ಬೆಕ್ಕು, ಎಲ್ಲ. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಬೈಯಲೂ ಇಲ್ಲ. ಬೆಂಚಿನವರೆಗೆ ನಡೆದು ಕೂತ. ಎರಡು ಬಸ್ಸು ಬಂದು ಹೋದವು. ಆಮೇಲೆ ಕೇಳಿದ.

"ಒತ್ತಿದಾಗ... ಅನುಮಾನ ಬರ್ಲಿಲ್ವಾ? ಚೂರೂ?"

"ಚೂರೂ ಇಲ್ಲ ಅಣ್ಣ. ಪೂರ್ತಿ ಬ್ರೇಕೇ."

"ನನಗೂ ಬಂದಿರಲಿಲ್ಲ" ಅಂದ.

ಅಷ್ಟೇ. ನೀರು ತರ್ತೀನಿ ಅಂತ ಹೇಳಿ ನಾನು ಒಳಗೆ ಬಂದೆ. ಅಗೋ, ಅಣ್ಣ ಎದ್ದ. ಇತ್ತಲೇ ಬರುತ್ತಿದ್ದಾನೆ. ಬಾಗಿಲು ತಳ್ಳಿದ. ಕೈ ಚಾಚಿದ್ದಾನೆ.

"ತೋರ್ಸು."

"ಏನಣ್ಣ?"

"ಕಾಲು. ನಿನ್ನ ಕಾಲಿನ ವಿಡಿಯೊ ತೋರ್ಸು."

ಅದೂ ಇದೇ ಫೋನಿನಲ್ಲಿದೆ. ಈ ರೆಕಾರ್ಡಿಂಗ್ ನಿಲ್ಲಿಸದೆ ಅದು ತೆರೆಯುವುದಿಲ್ಲ. ಒಂದು ನಿಮಿಷ ಅಣ್ಣ, ಕೊಡ್ತೀನಿ, ಇದನ್ನ ನಿಲ್ಲಿಸಿ—