ಹೊಗೆ ಬಂದ ಮನೆಗಳು

ಜೂನ್ 3

ಮತ್ತೆ ಅತ್ತೆಯ, ಅಪ್ಪನ ತಂಗಿಯ ಮನೆ. ಮತ್ತೆ ಬಕೆಟ್, ಪೊರಕೆ, ಫಿನಾಯಿಲ್. ಒಂದು ಜೋರು ಮಳೆ ಬಂದರೆ ಸಾಕು, ಬೀದಿಯವರೆಲ್ಲ ಫ್ಲಶ್ ಮಾಡಿದ್ದು ಅವರ ಬಚ್ಚಲಿನಿಂದ ಉಕ್ಕುತ್ತದೆ. ಇಳಿಜಾರಿನ ಕೊನೇ ಮನೆ. ರಸ್ತೆಗಿಂತ ಎರಡು ಮೆಟ್ಟಿಲು ಕೆಳಗೆ.

ಮಾವ ಮಂಚದ ಮೇಲೆ, ಮುರಿದ ಕಾಲಿಗೆ ಕಬ್ಬಿಣದ ಫ್ರೇಮ್. ನೀರು ಹಾಸಿಗೆಯನ್ನು ಮುಟ್ಟಿಬಿಟ್ಟಿತ್ತು. ಬ್ಯಾಂಡೇಜ್ ಒದ್ದೆ.

"ನೋಡಮ್ಮ, ಮಲಗಿದ ಕಡೆಗೇ ಸ್ವಿಮ್ಮಿಂಗ್ ಪೂಲ್ ಬಂತು," ಅಂದರು. ಅತ್ತೆ ನಗಲಿಲ್ಲ. ನಾನು ನಕ್ಕೆ. ಆಮೇಲೆ ಹೊರಗೆ ಹೋಗಿ ವಾಂತಿ ಮಾಡಿದೆ.

ಜೂನ್ 5

ಗಾಯ ಕೀವಾಗಿದೆ. ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು — ಇನ್ನೊಂದು ಸಲ ಆ ನೀರು ತಾಗಿದರೆ ಕಾಲು ಉಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಮನೆಗೆ ಕಳಿಸಿದರು. ನಮ್ಮದು ಮಹಡಿ ಮನೆ, ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ತಿರುಗಲ್ಲ.

ಕಾಲೇಜ್ ಲೈಬ್ರರಿಯಲ್ಲಿ ಕೂತು ಹುಡುಕಿದೆ. ನಗರಸಭೆಯ ಒಳಚರಂಡಿ ಬೈಲಾ, ಪಿಡಿಎಫ್. ಅಲ್ಲೇ ಇದೆ! ಛಾವಣಿಯ ನೀರಾಗಲಿ, ಅಂಗಳದ ನೀರಾಗಲಿ, ಮಳೆನೀರನ್ನು ಒಳಚರಂಡಿಗೆ ಬಿಡುವಂತಿಲ್ಲ. ನಮ್ಮ ಬೀದಿಯಲ್ಲಿ ಯಾರೋ ಬಿಡುತ್ತಿದ್ದಾರೆ, ಅದಕ್ಕೇ ಮಳೆ ಬಂದಾಗಲೇ ಉಕ್ಕುವುದು. ಫಸ್ಟ್ ಇಯರ್ ಲಾ, ಒಂದು ಆಕ್ಟ್ ಕೂಡ ನೆಟ್ಟಗೆ ಓದಿಲ್ಲ ನಾನು. ಆನ್‌ಲೈನ್ ಕಂಪ್ಲೇಂಟ್ ಹಾಕಿದೆ. ಹಾಸ್ಟೆಲಿನಲ್ಲಿ ನಲ್ಲಿ ಕೆಟ್ಟರೆ ಹೀಗೇ ಬರೆದು ಹಾಕುತ್ತಿದ್ದೆವು. ವಾರ್ಡನ್ ಬರುತ್ತಿದ್ದರು, ರಿಪೇರಿ ಆಗುತ್ತಿತ್ತು.

ಅಪ್ಪನಿಗೆ ಹೇಳಿಲ್ಲ. ಸರ್‌ಪ್ರೈಸ್. ಪ್ಲಂಬರ್ ಮಗಳು ಅಂದರೆ ಸುಮ್ಮನೆಯಾ!

ಜೂನ್ 11

ಬಂದರು. ಇಂಜಿನಿಯರ್, ಜೊತೆಗೆ ಹೊಗೆ ಮೆಷಿನ್. ಮ್ಯಾನ್‌ಹೋಲಿನಿಂದ ಒಳಗೆ ಹೊಗೆ ಬಿಟ್ಟರೆ ಯಾವ ಮನೆಯ ಮಳೆ ಪೈಪಿನಿಂದ ಹೊಗೆ ಬರುತ್ತದೋ ಆ ಮನೆ ಕಳ್ಳ.

ಮೊದಲನೇ ಮನೆಯ ತಾರಸಿಯಿಂದ ಬಂತು. ಎರಡನೆಯದು. ಮೂರನೆಯದು. ಯಾರೋ ಬೆಂಕಿ ಎಂದು ಕೂಗಿ ಕೊಡ ನೀರು ಎರಚಿದರು. ಬೀದಿಯೆಲ್ಲ ನಗು. ನಾನೂ ನಗುತ್ತಿದ್ದೆ. ಆಮೇಲೆ ನಮ್ಮ ಮನೆ. ನಮ್ಮ ತಾರಸಿಯಿಂದಲೂ, ಬೆಳ್ಳಗೆ, ಆರಾಮಾಗಿ.

"ಇದನ್ನೆಲ್ಲ ಜೋಡಿಸಿದ ಪ್ಲಂಬರ್ ಯಾರ್ರೀ?"

ಎಲ್ಲರೂ ಅಪ್ಪನ ಕಡೆ ತಿರುಗಿದರು.

"ನಾನೇ ಸರ್. ಅಂಗಳದಲ್ಲಿ ನೀರು ನಿಲ್ಲತ್ತೆ ಅಂತ ಎಲ್ರೂ ಜೀವ ತಿಂದ್ರು. ಹಾಕ್ಕೊಟ್ಟೆ."

ಅತ್ತೆ ಪೊರಕೆ ಹಿಡಿದೇ ಬಂದು ನಿಂತಿದ್ದರು. "ಅಣ್ಣಾ, ನೀನಾ?" ಅಂದರು. ಅಷ್ಟೇ. ಕೆಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಜೂನ್ 12

ಕಂಪ್ಲೇಂಟ್ ಹಾಕಿದ್ದು ಯಾರೆಂದು ಬೀದಿಗೆಲ್ಲ ಗೊತ್ತಾಯಿತು. ಅಪ್ಪ ಮಾತು ಬಿಟ್ಟಿದ್ದಾರೆ. ಅಮ್ಮ ತಟ್ಟೆ ಇಡುವ ಸದ್ದಿನಲ್ಲೇ ಬೈಯುತ್ತಾಳೆ.

ಎಲ್ಲರಿಗೂ ನೋಟೀಸ್. ಮೂವತ್ತು ದಿನದೊಳಗೆ ಮಳೆ ಪೈಪ್ ಬಿಡಿಸಬೇಕು. ಮೂವತ್ತು! ಮಳೆ ಕಾಯುತ್ತದಾ? ಮನೆಮನೆಗೆ ಹೋದೆ, ಈಗಲೇ ಬಿಡಿಸಿ, ಮಾವನ ಕಾಲು ಹೋಗುತ್ತದೆ ಎಂದು ಕೇಳಿಕೊಂಡೆ.

ರಿಟೈರ್ಡ್ ಮ್ಯಾನೇಜರ್ ಕನ್ನಡಕ ಏರಿಸಿ ನೋಟೀಸ್ ಓದಿದರು. "ಮೂವತ್ತು ದಿನ ಅಂತಿದೆಯಲ್ಲ. ರೂಲ್ ಅಂದ್ರೆ ರೂಲ್ ತಾನೇ, ಲಾಯರಮ್ಮಾ?" ಬಾಗಿಲು ಹಾಕಿಕೊಂಡರು.

ಎದುರು ಮನೆ — "ನಿಮ್ಮಪ್ಪ ಹಾಕಿದ್ದು, ನಿಮ್ಮಪ್ಪನೇ ಬಂದು ಅಂಗಳಕ್ಕೆ ಬೇರೆ ಚರಂಡಿ ಮಾಡ್ಕೊಡ್ಲಿ. ಆಮೇಲೆ ನೋಡೋಣ."

ಟೈಲರಮ್ಮ ಮಾತ್ರ ಹೂಂ ಅಂದರು. ಅತ್ತೆಯ ಪಕ್ಕದ, ಒಂದು ಮೆಟ್ಟಿಲು ಮೇಲಿನ ಮನೆ. ಮೆಷಿನ್ ತುಳಿಯುತ್ತಲೇ — "ನಾಳೆನೇ ಕಿತ್ತು ಹಾಕು ಪುಟ್ಟಿ. ಅಂಗಳದಲ್ಲಿ ನೀರು ನಿಂತ್ರೆ ಕಾಲು ಎತ್ಕೊಂಡು ಹೊಲೀತೀನಿ."

ಅಳು ಬಂತು. ತೋರಿಸಿಕೊಳ್ಳಲಿಲ್ಲ.

ಜೂನ್ 14

ಅಪ್ಪ ಮಾತಿಲ್ಲದೆ ನಮ್ಮ ಪೈಪ್ ಕೊಯ್ದರು. ಟೈಲರಮ್ಮನದೂ. ಉಳಿದವರು ಏಣಿ ಇಡಲು ಬಿಡಲಿಲ್ಲ.

ನಗರಸಭೆ ಆಫೀಸಿಗೆ ಹೋದೆ. ಅದೇ ಇಂಜಿನಿಯರ್ — "ಗಡುವು ಮುಗಿಯೋವರೆಗೂ ನಾವು ಕೈ ಹಚ್ಚೋ ಹಾಗಿಲ್ಲಮ್ಮ. ಅದೇ ಬೈಲಾದಲ್ಲೇ ಇದೆ, ಓದಿಲ್ವಾ?"

ಓದಿದ್ದೆ. ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ.

ಜೂನ್ 17, ಮಧ್ಯಾಹ್ನ

ಮೋಡ. ಕ್ಲಾಸಿಗೆ ಹೋಗಿಲ್ಲ. ವೆದರ್ ಆ್ಯಪ್ ರಿಫ್ರೆಶ್ ಮಾಡಿ ಮಾಡಿ ಚಾರ್ಜ್ ಮುಗಿಯುತ್ತಿದೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟೆವು. ಅಲುಗಿದರೆ ಮಾವ ಕಿರುಚುತ್ತಾರೆ. ಒಂದೇ ಸಾಲಿಗೆ ನಿಲ್ಲಿಸಿದೆವು. ಸಾಲದು. ಗೊತ್ತು.

"ದೇವರೇ, ಇವತ್ತೊಂದು ದಿನ..." ಅತ್ತೆ ಇಷ್ಟೇ ಹೇಳುತ್ತಾ ಕೂತಿದ್ದಾರೆ.

ಸಂಜೆ

ಶುರುವಾಯಿತು. ಬಚ್ಚಲು ಗುಳುಗುಳು ಅನ್ನುತ್ತಿದೆ.

ಅಪ್ಪ ಬಂದರು. ಬಿದಿರು ಗಳ, ಮರಳು ತುಂಬಿದ ಗೋಣಿ. ಹೊಗೆ ಬಂದ ದಿನದಿಂದ ಈ ಹೊಸ್ತಿಲು ದಾಟಿರಲಿಲ್ಲ. ಅತ್ತೆ ಬೇಡ ಅನ್ನಲಿಲ್ಲ.

"ಈ ಮನೆಗೂ ಪಕ್ಕದ ಮನೆಗೂ ನಡುವಿನ ಮ್ಯಾನ್‌ಹೋಲಲ್ಲಿ ಲೈನ್ ಮುಚ್ಚಿಬಿಡ್ತೀನಿ. ಇಲ್ಲಿಗೆ ಬರಲ್ಲ."

"ಮತ್ತೆ ಎಲ್ಲಿಗೆ ಹೋಗತ್ತಣ್ಣ?"

ಅಪ್ಪ ಗೋಡೆ ನೋಡಿದರು. ಗೋಡೆಯಾಚೆ ಟೈಲರಮ್ಮನ ಮೆಷಿನ್ ಓಡುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಇಷ್ಟು ದಿನದಲ್ಲಿ ಮೊದಲ ಮಾತು.

"ನೀನು ಓದಿದೀಯಲ್ಲ. ಹೀಗೆ ಮುಚ್ಚಬಾರದು ಅಂತ ಏನಾದ್ರೂ ಇದ್ಯಾ ಅದ್ರಲ್ಲಿ?"

ಇದೆ. ಸಾರ್ವಜನಿಕ ಒಳಚರಂಡಿಗೆ ಯಾರೂ ಅಡ್ಡಿ ಮಾಡುವಂತಿಲ್ಲ. ಹಳದಿ ಹೈಲೈಟ್ ಮಾಡಿಟ್ಟಿದ್ದೇನೆ.

"ಇಲ್ಲಪ್ಪ," ಅಂದೆ.

ಸ್ವಲ್ಪ ಹೊತ್ತಿನ ಮೇಲೆ

ಅಪ್ಪ ಗಳದಿಂದ ಗೋಣಿ ತುರುಕಿ ಬಂದರು. ಬಚ್ಚಲು ಸುಮ್ಮನಾಗಿದೆ. ನೆಲ ಒದ್ದೆಯಾಗಿಲ್ಲ. "ಮಳೆ ನಿಂತಿತಾ?" ಅಂತ ಮಾವ ಕೇಳಿದರು. ಹೊರಗೆ ಧೋ ಎಂದು ಸುರಿಯುತ್ತಿದೆ.

ಗೋಡೆಯಾಚೆ ಮೆಷಿನ್ ನಿಂತಿತು. ಸ್ಟೂಲ್ ಎಳೆದ ಸದ್ದು. ಬಟ್ಟೆ, ಬಟ್ಟೆ ಎಂದು ಕೂಗು. ಆಮೇಲೆ ನಮ್ಮ ಬಾಗಿಲು ಬಡಿದ ಸದ್ದು.

"ಪುಟ್ಟೀ! ನಮ್ಮನೇಗೇ ಇಷ್ಟು ನುಗ್ಗಿದೆ, ನಿಮ್ಮ ಗತಿ ಏನೇ? ಬಾಗಿಲು ತೆಗಿ, ಮಾವನ್ನ ಎತ್ತೋಕೆ ನಾನೂ ಬರ್ತೀನಿ!"

ಅಪ್ಪ ತಲೆ ಎತ್ತುತ್ತಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದಾರೆ. ಬರೆಯುತ್ತಲೇ ಇದ್ದೇನೆ, ನಿಲ್ಲಿಸಿದರೆ ಏಳಬೇಕು. ಮತ್ತೆ ಬಡಿಯುತ್ತಿದ್ದಾರೆ. ತೆಗೆದರೆ ಅವರಿಗೆ ಮೊದಲು ಕಾಣುವುದು ಈ ಒಣ ನೆಲ, ಆಮೇಲೆ ನಾನು