ಇಪ್ಪತ್ತನಾಲ್ಕು ಸಲದ ಮದ್ದು

ಕಾಸರಗೋಡು,
25 ಫೆಬ್ರವರಿ 1939, ಶನಿವಾರ

ಪ್ರೀತಿಯ ಅಪ್ಪಾ,

ಕರ್ತನ ಹೆಸರಿನಲ್ಲಿ ನಿಮ್ಮ ಕಿರಿಮಗ ಬೆನ್ಯಾಮೀನನ ವಂದನೆಗಳು. ನಿಮ್ಮ ಉಬ್ಬಸ ಹೇಗಿದೆ? ಕಳೆದ ತಿಂಗಳು ಕಳುಹಿಸಿದ ಪುಡಿಯನ್ನು ನೀವೇ ತೆಗೆದುಕೊಳ್ಳುತ್ತಿದ್ದೀರೋ ಅಥವಾ ಅದನ್ನೂ ಪಕ್ಕದ ಮನೆಯ ಅಜ್ಜಿಗೆ ದಾನ ಮಾಡಿದಿರೋ? ಪುತ್ತೂರಿನಲ್ಲಿ ಬೆಳಗಿನ ಹೊತ್ತು ಇನ್ನೂ ಚಳಿ ಇದ್ದೀತು. ಕಿವಿಗೆ ಮಫ್ಲರು ಸುತ್ತಿಕೊಳ್ಳದೆ ಪ್ರಾರ್ಥನೆಗೆ ಹೊರಡಬೇಡಿ. ಕಣ್ಣಿನ ಪೊರೆ ಬಲಿಯದೆ ಶಸ್ತ್ರ ಮಾಡುವುದಿಲ್ಲವೆಂದು ನಮ್ಮ ಡಾಕ್ಟರೂ ಹೇಳಿದರು, ಆದ್ದರಿಂದ ಇನ್ನೂ ಸ್ವಲ್ಪ ಕಾಲ ನನ್ನ ಕಾಗದಗಳನ್ನು ಮಾರ್ಥಕ್ಕನೇ ನಿಮಗೆ ಓದಿ ಹೇಳಬೇಕು. ಅಕ್ಕಾ, ನಿನಗೊಂದು ಮಾತು. ಅಪ್ಪನಿಗೆ ನೋವಾದೀತೆಂದು ನಡುನಡುವೆ ಸಾಲು ಹಾರಿಸಿ ಓದುವ ಅಭ್ಯಾಸ ನಿನಗೆ ಉಂಟು. ಈ ಕಾಗದವನ್ನು ಮಾತ್ರ ಹಾಗೆ ಓದಬೇಡ. ಬೇಕಾದರೆ ಒಮ್ಮೆ ನಿಲ್ಲಿಸಿ ನೀರು ಕುಡಿದು ಮುಂದುವರಿಸು.

ಅಪ್ಪಾ, ನಿಮ್ಮ ಕಾಗದ ಬುಧವಾರ ಬಂತು. ನಮ್ಮ ಸಭೆಯ ಪಾದ್ರಿ ಅಯ್ಯನವರು ನೆಕ್ರಾಜೆಯ ಮಗುವಿನ ಸಂಗತಿಯನ್ನು ನಿಮಗೆ ಬರೆದದ್ದು, ಅದನ್ನು ಕೇಳಿ ನೀವು ಮೊಣಕಾಲೂರಿ ಅತ್ತದ್ದು, ಅಮ್ಮ ನನ್ನನ್ನು ಹೆತ್ತ ದಿನವೇ ದೇವರ ಸೇವೆಗೆ ಒಪ್ಪಿಸಿದ್ದು ವ್ಯರ್ಥವಾಗಲಿಲ್ಲ ಎಂದು ಹೇಳಿದ್ದು, ಎಲ್ಲವನ್ನೂ ಅಕ್ಕ ಚೆನ್ನಾಗಿಯೇ ಬರೆದಿದ್ದಾಳೆ. ಇನ್ನು ಆ ಬಾಟಲಿ ತೊಳೆಯುವ ಕೆಲಸ ಸಾಕು, ಎಪ್ರಿಲಿನಲ್ಲಿ ಉಪದೇಶಿ ಪರೀಕ್ಷೆಗೆ ಕುಳಿತುಕೋ ಎಂದಿದ್ದೀರಿ. ನಾಳೆ ಆದಿತ್ಯವಾರದ ಆರಾಧನೆಯಲ್ಲಿ ನಾನು ಎದ್ದು ನಿಂತು ಆ ಸಂಗತಿಯನ್ನು ಸಾಕ್ಷಿಯಾಗಿ ಹೇಳಬೇಕೆಂದು ಅಯ್ಯನವರ ಅಪ್ಪಣೆಯಾಗಿದೆ. ಮಗುವಿನ ತಾಯಿ ತಂದೆಯೂ ನಾಳೆ ಬರುವವರಿದ್ದಾರೆ. ಅಯ್ಯನವರು ನಿಮಗೆ ಬರೆದದ್ದು ಸುಳ್ಳಲ್ಲ. ಆದರೆ ಅದರ ಮೊದಲ ಅರ್ಧ ಅವರಿಗೇ ಗೊತ್ತಿಲ್ಲ.

ಮೊದಲು ನನ್ನ ಕೆಲಸ ಎಂತದೆಂದು ಹೇಳಬೇಕು. ನಾಲ್ಕು ವರ್ಷವಾದರೂ ನಾನು ನಿಮಗೆ ಅದನ್ನು ಸರಿಯಾಗಿ ಬರೆದೇ ಇಲ್ಲ, ಬರೆಯುವಷ್ಟು ದೊಡ್ಡ ಕೆಲಸವೆಂದು ತೋರಲೇ ಇಲ್ಲ. ಡಾಕ್ಟರು ಪುರುಷೋತ್ತಮರಾಯರು ರೋಗಿಯನ್ನು ನೋಡಿ ಚೀಟಿ ಬರೆಯುತ್ತಾರೆ. ನಾನು ಆ ಚೀಟಿ ನೋಡಿ ಮದ್ದು ಬೆರೆಸಿ, ರೋಗಿಗಳು ಮನೆಯಿಂದ ತಂದ ಬಾಟಲಿಗೆ ತುಂಬಿಸುತ್ತೇನೆ. ಇಲ್ಲಿಗೆ ಬರುವವರಲ್ಲಿ ಓದು ಬಲ್ಲವರು ಕಡಿಮೆ. ಇಷ್ಟಿಷ್ಟು ಕುಡಿಸಿ ಎಂದು ಬರೆದುಕೊಟ್ಟರೆ ಉಪಯೋಗವಿಲ್ಲ. ಅದಕ್ಕೆ ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಮಡಚಿ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಬಾಟಲಿಯ ಹೊರಮೈಗೆ ಅಂಟಿಸುತ್ತೇನೆ. ಒಂದು ಸಲಕ್ಕೆ ಒಂದು ಹಲ್ಲಿನಷ್ಟು ಮದ್ದು. ಮೂರು ಸಲ ಮಡಚಿದರೆ ಎಂಟು ಹಲ್ಲು, ಅದು ದೊಡ್ಡವರ ಲೆಕ್ಕ. ಸಣ್ಣ ಮಗುವಿಗಾದರೆ ಆ ಎಂಟರಲ್ಲಿ ಒಂದೊಂದನ್ನೂ ಪುನಃ ಮೂರು ಮಾಡಿ ಇಪ್ಪತ್ತನಾಲ್ಕು ಕತ್ತರಿಸಬೇಕು. ಕೈಗೆ ಬೇಸರ ತರಿಸುವ ಕೆಲಸ. ದಿನಕ್ಕೆ ಮೂವತ್ತು ನಲವತ್ತು ಪಟ್ಟಿ ಕತ್ತರಿಸುತ್ತಾ, ಸ್ವಾಮಿಯ ವಾಕ್ಯ ಸಾರಬೇಕಾದ ನಾನು ಕಾಗದ ಕತ್ತರಿಸಿ ಆಯುಷ್ಯ ಕಳೆಯುತ್ತಿದ್ದೇನಲ್ಲ ಎಂದು ಮರುಗುತ್ತಿದ್ದೆ. ಹಾಗಾಗಿ ಕೈ ಕತ್ತರಿಯಲ್ಲಿದ್ದರೂ ಮನಸ್ಸನ್ನು ಮೇಲಿನ ಸಂಗತಿಗಳಲ್ಲಿ ಇಡುವುದನ್ನು ರೂಢಿ ಮಾಡಿಕೊಂಡೆ. ಅದು ದೊಡ್ಡ ಭಕ್ತಿ ಎಂದೂ ತಿಳಿದಿದ್ದೆ.

ಈ ತಿಂಗಳು ಒಂಬತ್ತನೇ ತಾರೀಕು, ಗುರುವಾರ. ನೆಕ್ರಾಜೆಯಿಂದ ಸುಂದರಿ ಎಂಬ ಹೆಂಗಸು ತನ್ನ ಒಂದೂವರೆ ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಒಂಬತ್ತು ಮೈಲು ನಡೆದು ಬಂದಿದ್ದಳು. ಮಗುವಿನ ಹೆಸರು ಕಿನ್ನಿ. ನಾಯಿಕೆಮ್ಮು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತು. ಡಾಕ್ಟರು ಸ್ವಲ್ಪ ಅಫೀಮು ಬೆರೆತ ಮದ್ದು ಬರೆದು, ಕೆಳಗೆ ಇಪ್ಪತ್ತನಾಲ್ಕು ಎಂದು ನಮೂದಿಸಿ, ಅದರಡಿ ಎರಡು ಗೆರೆಯನ್ನೂ ಎಳೆದಿದ್ದರು. ನಾನು ಮದ್ದನ್ನು ಸರಿಯಾಗಿಯೇ ಬೆರೆಸಿದೆ. ಪಟ್ಟಿ ಮಡಚುವ ಹೊತ್ತಿಗೆ ನನ್ನ ಮನಸ್ಸು ಪರೀಕ್ಷೆಗೆ ಬರೆದು ಒಪ್ಪಿಸಬೇಕಾದ ಪ್ರಸಂಗದ ಮೇಲಿತ್ತು. ದೇವರನ್ನು ಪೂರ್ಣ ಮನಸ್ಸಿನಿಂದ ಸೇವಿಸುವುದು ಹೇಗೆ ಎಂಬುದೇ ವಿಷಯ. ನಗುವುದಾದರೆ ನಗಿ ಅಪ್ಪಾ, ನನಗೆ ನಗಲಿಕ್ಕೆ ಆಗುವುದಿಲ್ಲ. ಒಂದು ಒಳ್ಳೆಯ ವಾಕ್ಯ ಹೊಳೆಯಿತು, ಅದು ಮರೆತುಹೋಗುವ ಮೊದಲು ಗೀಚಿಕೊಂಡೆ. ಪಟ್ಟಿಯನ್ನು ಎಂಟಕ್ಕೇ ಕತ್ತರಿಸಿ ಅಂಟಿಸಿ ಕೊಟ್ಟುಬಿಟ್ಟೆ. ಸುಂದರಿ ಹಲ್ಲಿನ ಮೇಲೆ ಬೆರಳಿಟ್ಟು, “ಒಂದು ಸಲಕ್ಕೆ ಇಷ್ಟಾ?” ಎಂದು ಕೇಳಿದಳು. ನಾನು ನೋಡದೆಯೇ ಹೌದೆಂದೆ.

ಮಧ್ಯಾಹ್ನ ಒಂದು ಗಂಟೆಗೆ ಚೀಟಿಗಳನ್ನು ತಂತಿಗೆ ಚುಚ್ಚುವಾಗ ಆ ಎರಡು ಗೆರೆ ಕಣ್ಣಿಗೆ ಬಿತ್ತು. ಡಾಕ್ಟರು ಕುಂಬಳೆಗೆ ಹೋಗಿದ್ದರು. ಪಕ್ಕದ ಜವಳಿ ಅಂಗಡಿಯ ವಾಸಪ್ಪನ ಸೈಕಲ್ಲನ್ನು ಕೇಳಿದೆನೋ ಕೇಳದೆಯೇ ಎತ್ತಿದೆನೋ ಈಗಲೂ ನೆನಪಿಲ್ಲ. ಚೆರ್ಕಳದ ಏರಿನಲ್ಲಿ ಇಳಿದು ತಳ್ಳುತ್ತಾ ಓಡಿದೆ. ಎಡನೀರು ದಾಟುವಾಗ ಬಾಯಿ ಒಣಗಿತ್ತು, ನೀರು ಕೇಳಲು ನಿಲ್ಲುವ ಧೈರ್ಯವಾಗಲಿಲ್ಲ. ಸುಂದರಿ ಎಲ್ಲಾದರೂ ಮರದಡಿ ಕುಳಿತಿರಲಿ, ಬಾಟಲಿ ಕೈಜಾರಿ ಒಡೆದಿರಲಿ ಎಂದು ಬೇಡಿಕೊಳ್ಳುತ್ತಾ ಹೋದೆ. ದಾರಿಯಲ್ಲಿ ಅವಳು ಸಿಗಲಿಲ್ಲ.

ಮೂರು ಗಂಟೆ ದಾಟಿದ ಮೇಲೆ ಅವಳ ಮನೆ ಸಿಕ್ಕಿತು. ಸುಂದರಿ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು, ಮುಖದಲ್ಲಿ ನಗು. “ಬನ್ನಿ ಮದ್ದಿನವರೇ, ಎಂಥ ಮದ್ದು ಮಾರಾಯ್ರೆ ನಿಮ್ಮದು! ಮೂರು ದಿನದಿಂದ ಕಣ್ಣು ಮುಚ್ಚದ ಮಗು ಈಗ ಹೇಗೆ ಮಲಗಿದೆ ನೋಡಿ,” ಎಂದಳು. ಒಂದು ಹಲ್ಲು ಚೆರ್ಕಳದಲ್ಲೇ ಕುಡಿಸಿದ್ದಳಂತೆ, ಇನ್ನೊಂದು ಮನೆಗೆ ಬಂದ ಕೂಡಲೇ. “ನೀವು ಕತ್ತರಿಸಿದ ಹಾಗೇ ಕೊಟ್ಟೆ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ,” ಎಂದು ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಅಪ್ಪಾ, ನೀವು ನಲವತ್ತು ವರ್ಷ ಊರೂರು ಅಲೆದು ಸಾರಿದಿರಿ. ಎಷ್ಟು ಮಂದಿ ನಿಮ್ಮ ಮಾತನ್ನು ಹೀಗೆ ಒಂದು ಹನಿಯೂ ವ್ಯತ್ಯಾಸವಿಲ್ಲದೆ ನಂಬಿದ್ದಾರೆ? ನನ್ನ ಕಾಗದದ ಪಟ್ಟಿಯನ್ನು ಅವಳು ಹಾಗೆ ನಂಬಿದ್ದಳು.

ಮಗುವಿನ ರೆಪ್ಪೆ ಬಿಡಿಸಿದೆ. ಕಣ್ಣಪಾಪೆ ಸಾಸಿವೆಯಷ್ಟಾಗಿತ್ತು. ಕರೆದರೆ ಕೇಳಿಸುತ್ತಿರಲಿಲ್ಲ, ತುಟಿ ಕಪ್ಪಿಟ್ಟಿತ್ತು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತುಂಬ ಹೊತ್ತು. ಮಂಪರು ಬಿಡಿಸಲು ಕಡು ಕಾಪಿ ಬೇಕೆಂದೆ. ಅವರ ಮನೆಯಲ್ಲಿ ಎಲ್ಲಿಂದ ಬರಬೇಕು? ತನ್ನ ಗಂಡ ಬಟ್ಯ ಕೆಲಸಕ್ಕೆ ಹೋಗುವ ಸುಬ್ಬರಾಯ ಭಟ್ಟರ ಮನೆಗೆ ಸುಂದರಿ ಓಡಿದಳು. ಅಲ್ಲಿಯ ವೆಂಕಟಲಕ್ಷ್ಮಮ್ಮನವರು ಪುಣ್ಯಾತ್ಗಿತ್ತಿ, ಏನೂ ಕೇಳದೆ ಚೊಂಬು ತುಂಬ ಕಡು ಕಾಪಿ ಇಳಿಸಿ ಕೊಟ್ಟರು. ನಾನು ಮಗುವಿನ ಅಂಗಾಲಿಗೆ ಬಡಿದೆ, ಮುಖಕ್ಕೆ ತಣ್ಣೀರು ಹಾಕಿದೆ, ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅತ್ತಿತ್ತ ನಡೆದೆ, ಸ್ವಲ್ಪ ಮಿಸುಕಿದಾಗಲೆಲ್ಲ ಚಮಚದಲ್ಲಿ ಕಾಪಿ ಇಳಿಸಿದೆ. ಪ್ರಾರ್ಥನೆ ಮಾಡಿದೆನೆಂದು ಅಯ್ಯನವರು ಬರೆದಿದ್ದಾರಲ್ಲ? ನಿಜ ಹೇಳಬೇಕೆಂದರೆ ನನಗೆ ಒಂದು ವಾಕ್ಯವೂ ನೆನಪಾಗಲಿಲ್ಲ. ಉಸಿರು ಎಣಿಸುತ್ತಿದ್ದೆ, ಅಷ್ಟೇ. ಇನ್ನೊಂದು ಉಸಿರು, ಇನ್ನೊಂದು ಉಸಿರು ಎಂದು ಬೇಡುತ್ತಿದ್ದದ್ದು ಪ್ರಾರ್ಥನೆಯಾದರೆ ಆಗಲಿ. ಆ ಹೊತ್ತಿನಲ್ಲಿ ನನ್ನ ಮನಸ್ಸು ಮಾತ್ರ ಬೇರೆಲ್ಲಿಗೂ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ನನ್ನ ಅಂಗಿಯ ಮೇಲೆ ವಾಂತಿ ಮಾಡಿ, ಗಂಟಲು ಹರಿಯುವ ಹಾಗೆ ಅಳಲಿಕ್ಕೆ ಶುರುಮಾಡಿತು. ನಾನೂ ಅತ್ತೆ.

ಅಷ್ಟರಲ್ಲಿ ಬಟ್ಯ ಕೆಲಸದಿಂದ ಬಂದಿದ್ದ. “ಇಷ್ಟು ದೂರ ಯಾಕೆ ಬಂದದ್ದು ನೀವು?” ಎಂದು ಕೇಳಿದ. ಅದೇ ಹೊತ್ತು ಅಪ್ಪಾ, ನಾನು ಹೇಳಬೇಕಾಗಿದ್ದದ್ದು. ನಾನು ಹೇಳಿದ್ದು, “ಮಗುವಿನ ಬಗ್ಗೆ ಮನಸ್ಸಿಗೆ ಸಮಾಧಾನ ಇರಲಿಲ್ಲ, ಬಂದೆ,” ಎಂದು. ಸುಳ್ಳೂ ಅಲ್ಲದ, ನಿಜವೂ ಅಲ್ಲದ ಮಾತು. ಪಟ್ಟಿಯನ್ನು ಕಿತ್ತು ಸರಿಯಾದ್ದನ್ನು ಅಂಟಿಸಿ, ಇನ್ನು ಮೇಲೆ ಇಷ್ಟೇ ಸಾಕು, ನಾಳೆಯವರೆಗೆ ಏನೂ ಬೇಡ ಎಂದೆ. ಬಟ್ಯ ನನ್ನ ಕಾಲಿಗೆ ಬೀಳಲಿಕ್ಕೆ ಬಂದ. ಸೋಮವಾರ ಇಲ್ಲಿಯ ಪೇಟೆಗೆ ಬಂದವನು ವಾಸಪ್ಪನ ಅಂಗಡಿಯಲ್ಲಿ ಕುಳಿತು ಹತ್ತು ಜನರಿಗೆ ಹೇಳಿದನಂತೆ. ಮಗು ಸಾಯುವುದು ಕಿರಿಸ್ತಾನರ ದೇವರಿಗೆ ಗೊತ್ತಾಗಿ ಮದ್ದಿನವನನ್ನು ಎಬ್ಬಿಸಿ ಕಳುಹಿಸಿದನಂತೆ, ಆ ದೇವರನ್ನು ಒಮ್ಮೆ ನೋಡಬೇಕಂತೆ. ಅದು ಅಯ್ಯನವರ ಕಿವಿಗೆ ಬಿದ್ದು, ಅಲ್ಲಿಂದ ನಿಮ್ಮವರೆಗೆ ಬಂತು. ಹೀಗೆ ಒಂದು ಕುಟುಂಬ ನನ್ನ ಮಾತಿನಿಂದ ದೇವಾಲಯದ ಬಾಗಿಲಿಗೆ ಬರಲೆಂದು ನಾನು ಎಷ್ಟು ವರ್ಷ ಆಸೆಪಟ್ಟಿದ್ದೆ! ಈಗ ಬರುತ್ತಿದೆ, ನನಗೆ ಅದು ಬೇಡವಾಗಿದೆ.

ಡಾಕ್ಟರಿಗೆ ಮರುದಿನವೇ ಎಲ್ಲವನ್ನೂ ಹೇಳಿದೆ. ಮೂರನೆಯ ಹಲ್ಲು ಕುಡಿಸಿದ್ದರೆ ನಾವು ಈಗ ಪೊಲೀಸರ ಎದುರು ಕೂರುತ್ತಿದ್ದೆವು ಎಂದರು. ಆಮೇಲೆ, “ನಿನ್ನ ದೇವರ ಧ್ಯಾನ ಮನೆಯಲ್ಲಿ ಮಾಡು ಮಾರಾಯ, ಇಲ್ಲಿ ಬಾಟಲಿಯ ಧ್ಯಾನ ಮಾಡು,” ಎಂದರು. ಬೈದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಕೊನೆಗೆ, “ಮಗು ಉಳಿಯಿತಲ್ಲ, ಇನ್ನು ಬಾಯಿ ಮುಚ್ಚಿಕೊಂಡಿರು. ಇದು ಹೊರಗೆ ಹೋದರೆ ನನ್ನ ಮೆಟ್ಟಿಲು ಯಾರು ಹತ್ತುತ್ತಾರೆ? ನಿನಗೂ ಇಲ್ಲಿ ಕೆಲಸ ಇಲ್ಲ,” ಎಂದುಬಿಟ್ಟರು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಸುಂದರಿಯಂಥವರು ಹೆದರಿ ಮನೆಯಲ್ಲೇ ಕುಳಿತರೆ ಎಷ್ಟು ಮಕ್ಕಳು ಮದ್ದಿಲ್ಲದೆ ಹೋಗಬಹುದು ಎಂದು ನನಗೂ ಅನ್ನಿಸುತ್ತದೆ. ಒಮ್ಮೆ ಹೇಳಬೇಕೆಂದು ತೋರುತ್ತದೆ, ಇನ್ನೊಮ್ಮೆ ಹಾಗೆ ಅನ್ನಿಸುವುದು ನನ್ನ ಮನಸ್ಸನ್ನು ಹಗುರ ಮಾಡಿಕೊಳ್ಳುವ ಆಸೆಯಿಂದಲೋ ಎಂದು ತೋರುತ್ತದೆ.

ಒಂದು ಮಾತು ಮಾತ್ರ ಈ ಎರಡು ವಾರಗಳಲ್ಲಿ ನನಗೆ ಗಟ್ಟಿಯಾಗಿದೆ, ಅದನ್ನು ನಿಮಗಲ್ಲದೆ ಯಾರಿಗೆ ಹೇಳಲಿ? ಸ್ವಾಮಿಯ ಸೇವೆ ಬೇರೆಲ್ಲೋ ಇದೆ, ಈ ಮೇಜಿನಿಂದ ಎದ್ದು ಹೋದ ಮೇಲೆ ಅದು ಶುರುವಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಆ ಸ್ವಾಮಿಯೇ ಮೇಜಿನ ಆಚೆ, ನೀಲಿಯಾದ ಮುಖದ ಮಗುವನ್ನು ಎತ್ತಿಕೊಂಡು, ಒಂದು ಸಲಕ್ಕೆ ಇಷ್ಟಾ ಎಂದು ಕೇಳುತ್ತಾ ನಿಂತಿದ್ದ. ನಾನು ತಲೆ ಎತ್ತಿ ನೋಡಲಿಲ್ಲ. ಈಗ ಪ್ರತಿ ಪಟ್ಟಿಯನ್ನೂ ಕತ್ತರಿಸಿ ಎರಡೆರಡು ಸಲ ಎಣಿಸುತ್ತೇನೆ. ಕೆಲಸ ನಿಧಾನವಾಗಿದೆ, ಬೆಂಚಿನಲ್ಲಿ ಕುಳಿತವರು ಗೊಣಗುತ್ತಾರೆ. ಬೇಸರವೆಂಬುದು ಮಾತ್ರ ಬರುವುದಿಲ್ಲ, ಭಯ ಬರುತ್ತದೆ. ಈ ಭಯವೂ ಒಂದು ಬಗೆಯ ಭಕ್ತಿಯೇ ಎಂದು ನಿಮ್ಮನ್ನು ಕೇಳಬೇಕು.

ನಾಳೆ ನಾನೇನು ಮಾಡಲಿ ಅಪ್ಪಾ? ಈ ಕಾಗದ ನಿಮ್ಮ ಕೈಸೇರುವಾಗ ಸೋಮವಾರವೋ ಮಂಗಳವಾರವೋ ಆಗುತ್ತದೆ. ಅದು ಗೊತ್ತಿದ್ದೂ ಕೇಳುತ್ತಿದ್ದೇನೆ. ನೀವು ಎದುರಿಗಿದ್ದರೆ ಕೇಳಲು ಬಾಯಿ ಬರುತ್ತಿರಲಿಲ್ಲವೇನೋ. ನಿಮ್ಮ ಸಂತೋಷವನ್ನು ಹೀಗೆ ಮುರಿಯುತ್ತಿರುವುದಕ್ಕೆ ಕ್ಷಮಿಸಿ. ಅಮ್ಮನ ಸಮಾಧಿಗೆ ಹೋದಾಗ ನನ್ನ ಬದಲಿಗೆ ಸ್ವಲ್ಪ ಹೊತ್ತು ನಿಲ್ಲಿ. ಅಕ್ಕನಿಗೆ, ಭಾವನಿಗೆ ನನ್ನ ವಂದನೆ, ಮಕ್ಕಳಿಗೆ ಮುತ್ತುಗಳು. ನಿಮ್ಮ ಉಸಿರು ಸರಾಗವಾಗಿರಲಿ ಎಂದು ದಿನವೂ ಬೇಡುತ್ತೇನೆ. ನೀವು ನನಗಾಗಿ ಬೇಡುವುದನ್ನು ಈ ಕಾಗದ ಕೇಳಿದ ಮೇಲೆ ನಿಲ್ಲಿಸಬೇಡಿ.

ನಿಮ್ಮ ಮಗ,
ಬೆನ್ಯಾಮೀನ

ತಾ.ಕ. ಲಕೋಟೆ ಮುಚ್ಚುವಷ್ಟರಲ್ಲಿ ಸುಂದರಿ ಇಲ್ಲಿ ಮದ್ದಿನ ಮೇಜಿಗೆ ಬಂದಳು. ಮಗುವಿಗೆ ಕೆಮ್ಮು ಮತ್ತೆ ಏರಿದೆಯಂತೆ. ಬೆಂಚಿನಲ್ಲಿ ಏಳೆಂಟು ಜನ. ಅವಳನ್ನು ಆಚೆ ಕರೆದರೆ ಅಷ್ಟರಲ್ಲಿ ಧೈರ್ಯ ಹೋದೀತೆಂದು ಅವತ್ತು ನಡೆದದ್ದನ್ನು ಎಲ್ಲರ ಎದುರೇ ಹೇಳಿಬಿಟ್ಟೆ, ತಪ್ಪು ನನ್ನೊಬ್ಬನದೇ, ಡಾಕ್ಟರದ್ದಲ್ಲ ಎಂದೂ ಹೇಳಿದೆ. ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. “ಹಾಗಾದರೆ ಅವತ್ತು ಅದನ್ನು ಕುಡಿಸಿದ್ದು ನನ್ನ ಈ ಕೈಯಾ?” ಎಂದಳು. ಅಲ್ಲ, ಅದು ನನ್ನ ಕೈ ಎಂದೆ. ಅವಳು ತಿರುಗಿ ಮೆಟ್ಟಿಲು ಇಳಿದಳು, ಹೋದಳೆಂದೇ ತಿಳಿದೆ. ಕೆಳಗೆ ಮಗು ಕೆಮ್ಮುವುದು ಕೇಳಿಸಿತು. ಅವಳು ಹಿಂದಿರುಗಿ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. “ನಾಳೆ ನಾವು ನಿಮ್ಮ ದೇವಾಲಯಕ್ಕೆ ಬರುವುದಿಲ್ಲ. ಮಗುವಿಗೆ ಮದ್ದು ಕೊಡಿ,” ಎಂದಳು. ನಾಳೆ ನಾನು ಸಾಕ್ಷಿಗೆ ನಿಲ್ಲುವುದಿಲ್ಲ. ಎಪ್ರಿಲಿನ ಪರೀಕ್ಷೆಗೂ ಕೂರುವುದಿಲ್ಲ, ಕೋಪಿಸಬೇಡಿ. ಡಾಕ್ಟರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಾರೆ. ಈಗ ಮಗುವನ್ನು ನೋಡುತ್ತಿದ್ದಾರೆ, ನನ್ನ ಗತಿ ಇನ್ನು ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಕರೆದರು. ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ, ಮಗುವಿನ ಚೀಟಿಯನ್ನು ನನ್ನ ಕೈಯಲ್ಲಿ ಇಟ್ಟು ಒಳಗೆ ಹೋದರು. ಸುಂದರಿ ಮೇಜಿನ ಎದುರು ಬಂದು ನಿಂತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ ಅಪ್ಪಾ, ಬರೆಯುತ್ತಾ ಕೂರುವ ಹೊತ್ತಲ್ಲ ಇದು.